ಡಾಖಾವ್‌ನಲ್ಲಿ ನೋಡುವುದಕ್ಕೆ ಏನಿದೆ?

ಹಾಸನದ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ:

ಕಳೆದ ಸಂಚಿಕೆಯಲ್ಲಿ ಮ್ಯೂನಿಕ್ ಪ್ರವಾಸದ ಲೇಖನ ಓದಿದ್ದೆ. ಮಗನ ಮನೆಗೆ ಹೋಗಿದ್ದಾಗ ಸೊಸೆಯ ಜೊತೆ ಮ್ಯೂನಿಕ್ ಹತ್ತಿರವಿರುವ, ಹಿಟ್ಲರ್ ಕಾಲದ ಡಾಖಾವ್ ಯಾತನಾ ಶಿಬಿರದ ಸ್ಮಾರಕ ನೋಡಿ ಬಂದೆ. ಜಲ್ಲಿ ಹಾಸಿದ ದೊಡ್ಡ ಬಯಲು, ಎರಡು ಶೆಡ್ಡು, ಸಾಲುಮರ, ಅಷ್ಟೇ. ಸೊಸೆ ಅತ್ತಳು, ನನಗೆ ಕಣ್ಣೀರು ಬರಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಮಹಾಯುದ್ಧದ ಪಾಠ ಮಾಡಿದವಳ ಮನಸ್ಸು ಕಲ್ಲಾಯಿತೇ? ಅಲ್ಲಿನ ಗ್ಯಾಸ್ ಚೇಂಬರಿನಲ್ಲಿ ಸಾಮೂಹಿಕ ಹತ್ಯೆ ನಡೆಯಲಿಲ್ಲ ಎಂದು ಗೈಡ್ ಹೇಳಿದರು. ಹಾಗಾದರೆ ನಾವು ಕೇಳುತ್ತಾ ಬಂದದ್ದು? ಗೇಟಿನ ಹತ್ತಿರ ಹುಡುಗರು ನಗುತ್ತಾ ಫೋಟೊ ತೆಗೆದುಕೊಳ್ಳುತ್ತಿದ್ದುದು ನೋಡಿ ಸಂಕಟವಾಯಿತು. ಒಂಬತ್ತು ವರ್ಷದ ಮೊಮ್ಮಗನನ್ನು ಸೊಸೆ ಬೇಡವೆಂದು ಮನೆಯಲ್ಲೇ ಬಿಟ್ಟಳು. ಅದು ಸರಿಯೇ?

ಸಂಪಾದಕರ ಉತ್ತರ:

ಮೇಡಂ, ಕಣ್ಣೀರಿನ ವಿಚಾರ ಮೊದಲು. ದಯವಿಟ್ಟು ಅದಕ್ಕಾಗಿ ಕೊರಗಬೇಡಿ. ಇಂಥ ಜಾಗಕ್ಕೆ ಹೋಗುವಾಗ ಅಲ್ಲಿ ಏನಾಗಬೇಕೆಂದು ನಾವು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು ಹೊರಟಿರುತ್ತೇವೆ, ಹಾಗಾಗದಿದ್ದರೆ ನಮ್ಮ ಮೇಲೆಯೇ ಅನುಮಾನ ಶುರುವಾಗುತ್ತದೆ. ಅತ್ತವರು ಹೆಚ್ಚು ತಿಳಿದುಕೊಂಡರು, ಅಳದವರು ಕಡಿಮೆ ತಿಳಿದುಕೊಂಡರು ಎಂಬುದನ್ನು ನಾನು ಒಪ್ಪುವುದಿಲ್ಲ. ಊರಿಗೆ ಮರಳಿದ ಮೇಲೂ ನೀವು ಮೂರು ಪುಟದ ಪತ್ರ ಬರೆದು ಕೇಳುತ್ತಿದ್ದೀರಿ. ಕಲ್ಲಾದ ಮನಸ್ಸು ಹೀಗೆ ಕೇಳುವುದಿಲ್ಲ.

ಆದರೆ ‘ಅಷ್ಟೇ’ ಎಂದು ಬರೆದಿದ್ದೀರಲ್ಲ, ಅದನ್ನು ಹಾಗೇ ಬಿಡಲಾರೆ. ಆ ಬಯಲು ತಾನಾಗಿ ಬಯಲಾದದ್ದಲ್ಲ. 1945ರ ಏಪ್ರಿಲ್ 29ರಂದು ಅಮೆರಿಕದ ಸೈನಿಕರು ಒಳಗೆ ಕಾಲಿಟ್ಟಾಗ ಅಲ್ಲಿ 34 ಬ್ಯಾರಕ್‌ಗಳಿದ್ದವು, ಅವುಗಳಲ್ಲಿ 30 ಸಾವಿರಕ್ಕೂ ಹೆಚ್ಚು ಕೈದಿಗಳಿದ್ದರು. ಆಮೇಲೆ ಮೂರು ವರ್ಷ ಅಮೆರಿಕನ್ನರು ಅದೇ ಜಾಗದಲ್ಲಿ ನಾಜಿ ಪಕ್ಷದ ಪಡೆಯಾಗಿದ್ದ ಎಸ್ಎಸ್‌ನವರನ್ನು ಕೂಡಿಹಾಕಿದರು. 1948ರಿಂದ ಪೂರ್ವದ ಕಡೆಯಿಂದ ಬಂದ ಜರ್ಮನ್ ನಿರಾಶ್ರಿತರು ಅವೇ ಬ್ಯಾರಕ್‌ಗಳಲ್ಲಿ ಸಂಸಾರ ಹೂಡಿದರು. ಅಂಗಡಿ ಬಂತು, ಶಾಲೆ ಬಂತು. 1955ರಲ್ಲಿ ಚಿತಾಗಾರವನ್ನೇ ಕೆಡವಿಬಿಡಬೇಕೆಂಬ ಮಾತು ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ರಾಜಕೀಯದಲ್ಲಿ ಎದ್ದಿತು. ಅದನ್ನು ತಡೆದು, ಇದು ನಮ್ಮ ಸತ್ತವರ ಜಾಗ, ಇಲ್ಲಿ ಸ್ಮಾರಕ ಆಗಲೇಬೇಕು ಎಂದು ಪಟ್ಟು ಹಿಡಿದವರು ಬದುಕಿ ಉಳಿದಿದ್ದ ಕೈದಿಗಳು. ಬೇರೆ ಬೇರೆ ದೇಶಗಳಿಂದ ಒಟ್ಟುಗೂಡಿ, ಸಮಿತಿ ಕಟ್ಟಿ, ಹತ್ತು ವರ್ಷ ಓಡಾಡಿ 1965ರಲ್ಲಿ ಸ್ಮಾರಕ ತೆರೆಸಿದರು. ಅಷ್ಟರಲ್ಲಿ ಬ್ಯಾರಕ್‌ಗಳು ಶಿಥಿಲವಾಗಿದ್ದವು. ಅವನ್ನು ಕೆಡವಿ, ಎರಡನ್ನು ಮಾತ್ರ ಮೊದಲಿನಂತೆ ಕಟ್ಟಿದರು. ಉಳಿದ 32ರ ತಳಪಾಯದ ಗುರುತು ನಂಬರಿನ ಸಮೇತ ನೆಲದ ಮೇಲಿದೆ. ನೀವು ನೋಡಿದ ಜಲ್ಲಿಯ ಚೌಕಗಳು ಅವೇ.

ಆ ಶೆಡ್ಡುಗಳ ಪೈಕಿ ಒಂದರೊಳಗೆ ಮಲಗುವ ಹಲಗೆಗಳನ್ನು ಇಟ್ಟಿದ್ದಾರೆ, ನೆನಪಿದೆಯೇ? ಬಹಳ ಮಂದಿ ಒಂದು ಸುತ್ತು ಹಾಕಿ ಹೊರಬೀಳುತ್ತಾರೆ. ನಾನು ಹೆಚ್ಚು ಹೊತ್ತು ನಿಂತದ್ದು ಅಲ್ಲಿಯೇ. ಅಲ್ಲಿರುವುದು ಮೂರು ಕಾಲದ ಮೂರು ನಮೂನೆ. ಮೊದಲಿನದರಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಜಾಗ, ನಡುವೆ ಹಲಗೆಯ ಅಡ್ಡ. ಎರಡನೆಯದರಲ್ಲಿ ಜಾಗ ಕಿರಿದಾಗಿದೆ. ಕೊನೆಯ ನಮೂನೆಯಲ್ಲಿ ಅಡ್ಡವೇ ಇಲ್ಲ, ಈ ತುದಿಯಿಂದ ಆ ತುದಿಗೆ ಬರೀ ಹಲಗೆ. ಎಷ್ಟು ಜನ ಹಿಡಿಸುತ್ತಾರೋ ಅಷ್ಟು. ಸುಮಾರು 200 ಜನರಿಗೆಂದು ಕಟ್ಟಿದ ಬ್ಯಾರಕ್ಕಿನಲ್ಲಿ ಕೊನೆಕೊನೆಗೆ 2 ಸಾವಿರದವರೆಗೆ ತುಂಬಿದರು. ಮೊದಲ ವರ್ಷಗಳಲ್ಲಿ ಹಾಸಿಗೆಯ ಅಂಚು ನೇರವಾಗಿಲ್ಲ, ನೆಲ ಹೊಳೆಯುತ್ತಿಲ್ಲ ಎಂಬ ನೆಪಕ್ಕೆಲ್ಲ ಕ್ರೂರ ಶಿಕ್ಷೆ ಕೊಡುತ್ತಿದ್ದರು. ಹೊರಗಿನ ಮೈದಾನದಲ್ಲಿ ಬೆಳಿಗ್ಗೆ ಸಂಜೆ ತಲೆ ಎಣಿಕೆ. ಲೆಕ್ಕ ತಪ್ಪಬಾರದೆಂದು ಸತ್ತವರನ್ನೂ ಅಲ್ಲಿಗೆ ಎಳೆದು ತರಬೇಕಿತ್ತು. ಮೈದಾನ ಅಷ್ಟು ಅಗಲ ಏಕಿದೆ ಎಂಬುದು ಆಗ ಗೊತ್ತಾಗುತ್ತದೆ.

ನೀವು ಯುದ್ಧದ ಪಾಠ ಮಾಡಿದವರು. ಡಾಖಾವ್ ಹುಟ್ಟಿದ್ದು ಆ ಪಾಠದಲ್ಲಲ್ಲ, ಅದಕ್ಕಿಂತ ಹಿಂದಿನ ಪಾಠದಲ್ಲಿ. ಹಿಟ್ಲರ್ ಚಾನ್ಸಲರ್ ಆದದ್ದು 1933ರ ಜನವರಿ 30ಕ್ಕೆ, ಈ ಶಿಬಿರ ಶುರುವಾದದ್ದು ಅದೇ ವರ್ಷ ಮಾರ್ಚ್ 22ಕ್ಕೆ. ಯುದ್ಧಕ್ಕೆ ಇನ್ನೂ ಆರು ವರ್ಷವಿತ್ತು. ಪತ್ರಿಕೆಯವನಾಗಿ ನನ್ನನ್ನು ಇವತ್ತಿಗೂ ಕಾಡುವುದು ಬೇರೊಂದು ಸಂಗತಿ. ಶಿಬಿರ ಗುಟ್ಟಾಗಿರಲಿಲ್ಲ. ಆಗ ಮ್ಯೂನಿಕ್ ಪೊಲೀಸ್ ಮುಖ್ಯಸ್ಥನಾಗಿದ್ದ ಹಿಮ್ಲರ್ ಪತ್ರಕರ್ತರನ್ನು ಕರೆದು ಹೇಳಿದ, ಮಾರನೆಯ ದಿನದ ಪತ್ರಿಕೆಯಲ್ಲಿ ಅದು ಸುದ್ದಿಯಾಗಿ ಬಂತು: ಡಾಖಾವ್ ಹತ್ತಿರ ಶಿಬಿರ ತೆರೆಯಲಾಗುತ್ತಿದೆ, 5 ಸಾವಿರ ಜನರಿಗೆ ಸ್ಥಳವಿದೆ ಎಂದು. ಜನ ಕಾಫಿ ಕುಡಿಯುತ್ತಾ ಓದಿರಬೇಕು. ಮೊದಲು ಒಳಗೆ ಹೋದವರು ಕಮ್ಯುನಿಸ್ಟರು, ಸೋಷಿಯಲ್ ಡೆಮಾಕ್ರಾಟರು, ಕಾರ್ಮಿಕ ನಾಯಕರು. ಆಮೇಲೆ ಸಿಂಟಿ ಮತ್ತು ರೋಮಾ ಜನ, ಸಲಿಂಗಿಗಳು, ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು, ಪಾದ್ರಿಗಳು. 1938ರ ನವೆಂಬರಿನಲ್ಲಿ ದೇಶದ ತುಂಬ ಯೆಹೂದಿಗಳ ಮೇಲೆ ದಾಳಿ ನಡೆದ ಬೆನ್ನಲ್ಲೇ 10 ಸಾವಿರಕ್ಕೂ ಹೆಚ್ಚು ಯೆಹೂದಿ ಗಂಡಸರನ್ನು ಇಲ್ಲಿಗೆ ತಂದರು. ಹೀಗೆ ಒಂದೊಂದೇ ಪಂಗಡ. ಹನ್ನೆರಡು ವರ್ಷಗಳಲ್ಲಿ ಡಾಖಾವ್ ಮತ್ತು ಅದರ ಉಪಶಿಬಿರಗಳಿಗೆ ಬಂದವರು 2 ಲಕ್ಷಕ್ಕೂ ಹೆಚ್ಚು, ಪ್ರಾಣ ಬಿಟ್ಟವರು ಕಡಿಮೆಯೆಂದರೆ 41,500.

ಇನ್ನು ಗ್ಯಾಸ್ ಚೇಂಬರ್. ನಿಮ್ಮ ಗೈಡ್ ಹೇಳಿದ್ದು ನಿಜ. ಅದನ್ನು ಮುಚ್ಚಿಡದೆ ಹೇಳಿದ್ದಕ್ಕೆ ಅವರ ಮೇಲೆ ಗೌರವ ಹುಟ್ಟುತ್ತದೆ. ಚಿತಾಗಾರದ ಹೊಸ ಕಟ್ಟಡದಲ್ಲಿ ಗ್ಯಾಸ್ ಚೇಂಬರ್ ಕಟ್ಟಿದ್ದರು, ಅಲ್ಲಿ ಸಾಮೂಹಿಕ ಹತ್ಯೆ ನಡೆಯಲಿಲ್ಲ. ಲಕ್ಷಗಟ್ಟಲೆ ಜನರನ್ನು ವಿಷಾನಿಲ ಬಿಟ್ಟು ಕೊಂದದ್ದು ಜರ್ಮನರು ಆಕ್ರಮಿಸಿಕೊಂಡಿದ್ದ ಪೋಲೆಂಡಿನ ಆಶ್ವಿಟ್ಸ್, ಟ್ರೆಬ್ಲಿಂಕಾದಂಥ ಕಡೆ. ಆಶ್ವಿಟ್ಸ್ ಒಂದರಲ್ಲೇ ಸುಮಾರು 11 ಲಕ್ಷ ಜನ ಸತ್ತರು, ಅವರಲ್ಲಿ ಹತ್ತಿರ ಹತ್ತಿರ 10 ಲಕ್ಷ ಯೆಹೂದಿಗಳು. ಹೀಗಾಗಿ ನೀವು ಕೇಳುತ್ತಾ ಬಂದದ್ದರಲ್ಲಿ ಸುಳ್ಳಿಲ್ಲ, ಎರಡು ಊರಿನ ಕಥೆ ನಮ್ಮ ತಲೆಯಲ್ಲಿ ಒಂದಾಗಿಬಿಟ್ಟಿರುತ್ತದೆ. ಡಾಖಾವ್‌ನ ಕೈದಿಗಳಿಗೂ ವಿಷಾನಿಲ ತಪ್ಪಲಿಲ್ಲ. ದುಡಿಯಲು ಆಗದವರೆಂದು ಆರಿಸಿ, 2,500ಕ್ಕೂ ಹೆಚ್ಚು ಜನರನ್ನು ಆಸ್ಟ್ರಿಯಾದ ಹಾರ್ಟ್‌ಹೈಮ್‌ಗೆ ಸಾಗಿಸಿ ಅಲ್ಲಿ ಕೊಂದರು. ಉಳಿದವರನ್ನು ಕೊಂದದ್ದು ಹಸಿವು, ಟೈಫಸ್ ಎಂಬ ಸಾಂಕ್ರಾಮಿಕ ಜ್ವರ, ಮಿತಿಮೀರಿದ ದುಡಿಮೆ, ವೈದ್ಯರ ಪ್ರಯೋಗ, ಗುಂಡು. ಇವುಗಳಲ್ಲಿ ಒಂದೊಂದನ್ನೂ ಅದರದರ ಜಾಗದಲ್ಲಿಟ್ಟು ಹೇಳಬೇಕು. ಎಲ್ಲವನ್ನೂ ಗ್ಯಾಸ್ ಚೇಂಬರ್ ಎಂಬ ಒಂದೇ ಚಿತ್ರಕ್ಕೆ ಇಳಿಸಿದರೆ, ಇದೆಲ್ಲ ನಡೆದೇ ಇಲ್ಲ ಎನ್ನುವವರಿಗೆ ನಾವೇ ಮಾತಿಗೆ ಅವಕಾಶ ಕೊಟ್ಟಂತೆ.

ಚಿತಾಗಾರದಲ್ಲಿ ನಾಲ್ವರು ಹೆಂಗಸರ ನೆನಪಿನ ಫಲಕವಿದೆ. ನಿಮ್ಮ ಪತ್ರದಲ್ಲಿ ಅದರ ಪ್ರಸ್ತಾಪವಿಲ್ಲ, ಕಣ್ಣಿಗೆ ಬಿದ್ದಿರಲಾರದು. ನಾಲ್ವರೂ ಬ್ರಿಟನ್ನಿನ ಗುಪ್ತದಳದವರು. ಅವರಲ್ಲಿ ಒಬ್ಬಾಕೆ ನೂರ್ ಇನಾಯತ್ ಖಾನ್. ತಂದೆ ಸೂಫಿ ಗುರು, ಸಂಗೀತಗಾರ ಹಜ್ರತ್ ಇನಾಯತ್ ಖಾನ್. ಇನಾಯತ್ ಖಾನರ ತಾಯಿಯ ಕಡೆಯ ಬೇರು ಮೈಸೂರಿನ ಟಿಪ್ಪು ಸುಲ್ತಾನರ ವಂಶಕ್ಕೆ ಸೇರುತ್ತದೆಂದು ಆ ಮನೆತನ ಹೇಳಿಕೊಂಡು ಬಂದಿದೆ. ನೂರ್ ಹುಟ್ಟಿದ್ದು ಮಾಸ್ಕೋದಲ್ಲಿ, ಬೆಳೆದದ್ದು ಪ್ಯಾರಿಸ್ ಬಳಿ. ಮಕ್ಕಳಿಗೆ ಕಥೆ ಬರೆಯುತ್ತಿದ್ದ ಹುಡುಗಿ. 1943ರ ಜೂನ್‌ನಲ್ಲಿ ವೈರ್‌ಲೆಸ್ ಆಪರೇಟರ್ ಆಗಿ ಜರ್ಮನರ ಕೈಯಲ್ಲಿದ್ದ ಫ್ರಾನ್ಸಿಗೆ ಹೋದರು. ಜೊತೆಯವರು ಸರಣಿಯಾಗಿ ಸಿಕ್ಕಿಬಿದ್ದರೂ ಪ್ಯಾರಿಸ್ಸಿನಲ್ಲೇ ಉಳಿದು, ಮನೆಯಿಂದ ಮನೆಗೆ ಬದಲಾಗುತ್ತಾ ಸಂದೇಶ ಕಳಿಸುತ್ತಿದ್ದರು. ಅಕ್ಟೋಬರಿನಲ್ಲಿ ಸೆರೆ ಸಿಕ್ಕಿದರು. ಜರ್ಮನಿಯ ಜೈಲಿನಲ್ಲಿ ತಿಂಗಳುಗಟ್ಟಲೆ ಸಂಕೋಲೆ ಹಾಕಿ ಒಂಟಿಯಾಗಿ ಇಟ್ಟರು. 1944ರ ಸೆಪ್ಟೆಂಬರ್ 13ರ ಮುಂಜಾನೆ ಡಾಖಾವ್‌ನಲ್ಲಿ ಗುಂಡಿಕ್ಕಿದರು. ವಯಸ್ಸು ಮೂವತ್ತು. 1949ರಲ್ಲಿ ಬ್ರಿಟನ್ ಆಕೆಗೆ ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಕೊಟ್ಟಿತು. ನಮ್ಮ ಕಡೆಯ ನಂಟಿದೆ ಎಂಬ ಕಾರಣಕ್ಕೆ ಆಕೆಯ ಸಾವು ಉಳಿದ ನಲವತ್ತು ಸಾವಿರದ ಸಾವಿಗಿಂತ ದೊಡ್ಡದಾಗುವುದಿಲ್ಲ. ಆದರೆ ಸಂಖ್ಯೆಯ ಎದುರು ಸುಮ್ಮನಾಗುವ ಮನಸ್ಸು ಒಬ್ಬರ ಹೆಸರು, ಬದುಕು ತಿಳಿದಾಗ ಒಳಗೆ ಹೋಗಲು ಬಾಗಿಲು ಸಿಕ್ಕಿದ ಹಾಗೆ ಆಗುತ್ತದೆ. ಒಬ್ಬರನ್ನಾದರೂ ತಿಳಿದುಕೊಂಡು ಹೋಗಿ ಎಂದು ಅಲ್ಲಿಗೆ ಹೊರಡುವ ಎಲ್ಲರಿಗೂ ನಾನು ಹೇಳುತ್ತೇನೆ.

ಫೋಟೊ ತೆಗೆಯುತ್ತಿದ್ದ ಹುಡುಗರ ಬಗ್ಗೆ ನಿಮ್ಮಷ್ಟು ಬೇಸರ ನನಗಿಲ್ಲ. ಅವರು ಬವೇರಿಯಾದ ಶಾಲೆಯ ಮಕ್ಕಳಿರಬಹುದು. ಅಲ್ಲಿನ ಹೈಸ್ಕೂಲು ತರಗತಿಗಳನ್ನು ಇಂಥ ಸ್ಮಾರಕಕ್ಕೆ ಕರೆತರುವ ನಿಯಮವೇ ಇದೆ. ಹದಿನೈದು ವರ್ಷದ ಮಕ್ಕಳು ದಿಗಿಲಾದಾಗಲೂ ನಗುತ್ತಾರೆ, ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನನಗೆ ಸಿಟ್ಟು ಬರುವುದು 2014ರಲ್ಲಿ ‘ದುಡಿಮೆಯೇ ಬಿಡುಗಡೆ’ ಎಂಬ ಸುಳ್ಳು ಬರೆದಿದ್ದ ಆ ಗೇಟಿನ ಬಾಗಿಲನ್ನೇ ರಾತ್ರೋರಾತ್ರಿ ಕದ್ದವರ ಮೇಲೆ. ಎರಡು ವರ್ಷದ ಮೇಲೆ ಅದು ನಾರ್ವೆಯಲ್ಲಿ ಸಿಕ್ಕಿತು. ಈಗ ಗೇಟಿನಲ್ಲಿರುವುದು ಪ್ರತಿಕೃತಿ, ಮೂಲ ಬಾಗಿಲು ಮ್ಯೂಸಿಯಂ ಒಳಗಿದೆ.

ಮೊಮ್ಮಗನ ವಿಷಯದಲ್ಲಿ ನಿಮ್ಮ ಸೊಸೆ ಮಾಡಿದ್ದೇ ಸರಿ. ಹದಿಮೂರರ ಒಳಗಿನ ಮಕ್ಕಳಿಗೆ ಬೇಡವೆಂದು ಸ್ಮಾರಕದವರೇ ಹೇಳುತ್ತಾರೆ. ಒಂಬತ್ತು ವರ್ಷದವನು ಚಿತಾಗಾರದ ಒಲೆ ನೋಡಿ ಕಲಿಯುವುದೇನೂ ಇಲ್ಲ. ಅವನು ಕೇಳಿದರೆ ಸುಳ್ಳು ಹೇಳಬೇಡಿ, ಅಷ್ಟು ಸಾಕು. ಅಲ್ಲೇ ಓದುವ ಹುಡುಗನಾದರೆ ಸಮಯ ಬಂದಾಗ ಶಾಲೆಯವರೇ ಕರೆದೊಯ್ಯುತ್ತಾರೆ.

ನೀವು ಮತ್ತೆ ಹೋಗುವುದಿದ್ದರೆ ಡಾಖಾವ್ ರೈಲು ನಿಲ್ದಾಣದಿಂದ ಬಸ್ಸು ಹತ್ತುವ ಬದಲು ನಡೆದು ಹೋಗಿ. ಮೂರು ಕಿಲೋಮೀಟರ್ ಆಗಬಹುದು, ಮಂಡಿನೋವಿದ್ದರೆ ಬೇಡ. ದಾರಿಯುದ್ದಕ್ಕೂ ಫಲಕಗಳಿವೆ. ಕೈದಿಗಳನ್ನು ಊರಿನ ನಡುವೆ, ಮನೆಗಳ ಮುಂದೆಯೇ ನಡೆಸಿಕೊಂಡು ಹೋಗುತ್ತಿದ್ದರೆಂಬುದು ಆ ನಡಿಗೆಯಲ್ಲಿ ತಿಳಿಯುತ್ತದೆ. ಪ್ರವೇಶಕ್ಕೆ ಟಿಕೆಟ್ ಇಲ್ಲ. ಸಮಯವಿದ್ದರೆ ಹತ್ತಿರದ ಹೆಬರ್ಟ್ಸ್‌ಹೌಸನ್‌ಗೂ ಹೋಗಿ. ಎಸ್ಎಸ್‌ನವರ ಶೂಟಿಂಗ್ ರೇಂಜ್ ಆಗಿದ್ದ ಆ ಜಾಗದಲ್ಲಿ 1941–42ರಲ್ಲಿ 4 ಸಾವಿರಕ್ಕೂ ಹೆಚ್ಚು ಸೋವಿಯತ್ ಯುದ್ಧಕೈದಿಗಳನ್ನು ಕೊಂದರು. ಪತ್ತೆಯಾದ ಹೆಸರುಗಳನ್ನು ಈಗ ಅಲ್ಲಿ ಬರೆದು ನಿಲ್ಲಿಸಿದ್ದಾರೆ. ಅಲ್ಲಿಗೆ ಪ್ರವಾಸಿಗರು ಹೋಗುವುದು ತೀರ ಕಡಿಮೆ. ಹೋಗಿ ಬಂದರೆ ಬರೆಯಿರಿ, ಪತ್ರವಾಗಿ ಅಲ್ಲ, ಲೇಖನವಾಗಿ. ನಾವು ಪ್ರಕಟಿಸುತ್ತೇವೆ.