ಬಟನ್ ಒತ್ತಿದರೆ ಬರೀ ‘ಟಕ್’: ಹಳೇ ಬೈಕಿನ ಸೆಲ್ಫ್ ತಕರಾರು

ಪ್ರಶ್ನೆ: ಸಾರ್, ನನ್ನದು 2012ರ 350 ಸಿಸಿ ಸಿಂಗಲ್ ಸಿಲಿಂಡರ್ ಬೈಕು. ಕಿಕ್ಕರ್ ಕೂಡ ಇದೆ. ಒಂದೆರಡು ತಿಂಗಳಿಂದ ಬೆಳಿಗ್ಗೆ ಸೆಲ್ಫ್ ಒತ್ತಿದರೆ ‘ಟಕ್’ ಅನ್ನುತ್ತದೆ, ಅಷ್ಟೇ. ನಾಲ್ಕೈದು ಸಲ ಒತ್ತಿದ ಮೇಲೆ ಒಮ್ಮೊಮ್ಮೆ ತಿರುಗುತ್ತದೆ. ಬ್ಯಾಟರಿ ಹೋಗಿದೆ ಎಂದರು, ಹೊಸದು ಹಾಕಿಸಿದೆ. ಎರಡು ವಾರ ಸರಿ ಇತ್ತು, ಮತ್ತೆ ಅದೇ ಕಥೆ. ಈಗ ಸೆಲ್ಫ್ ಮೋಟರೇ ಬದಲಿಸಬೇಕಂತೆ. ಏನು ಮಾಡಲಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೋಟರಿಗೆ ಈಗಲೇ ದುಡ್ಡು ಸುರಿಯಬೇಡಿ. ನಿಮ್ಮ ಬೈಕು ಏನಾಗಿದೆ ಅಂತ ಆಗಲೇ ಅರ್ಧ ಹೇಳಿಬಿಟ್ಟಿದೆ. ಬ್ಯಾಟರಿ ಸೋತಿದ್ದರೆ ಸಾಮಾನ್ಯವಾಗಿ ‘ಟಿಕ್ ಟಿಕ್ ಟಿಕ್ ಟಿಕ್’ ಅಂತ ಬೇಗ ಬೇಗ ಬಡಿದುಕೊಳ್ಳುತ್ತದೆ, ಜೊತೆಗೆ ಮೀಟರ್ ದೀಪ ಮಂಕಾಗುತ್ತದೆ. ಒಂದೇ ಒಂದು ಗಟ್ಟಿ ‘ಟಕ್’ ಬಂದು ಸುಮ್ಮನಾದರೆ ರಿಲೇ (ಮೋಟರಿಗೆ ಕರೆಂಟು ಬಿಡುವ ಸ್ವಿಚ್ಚು) ತನ್ನ ಕೆಲಸ ಶುರು ಮಾಡಿದೆ, ಆದರೆ ಕರೆಂಟು ಮೋಟರ್ ತನಕ ಪೂರ್ತಿ ಹೋಗುತ್ತಿಲ್ಲ ಎಂದರ್ಥ.

ನೀವು ಒತ್ತುವ ಬಟನ್‌ನಲ್ಲಿ ಹರಿಯುವುದು ತುಂಬಾ ಸಣ್ಣ ಕರೆಂಟು. ಅದು ರಿಲೇ ಒಳಗಿನ ಕಾಯಿಲ್‌ಗೆ ಹೋಗಿ ಒಂದು ತಾಮ್ರದ ಬಿಲ್ಲೆಯನ್ನು ಎಳೆಯುತ್ತದೆ. ಆ ಬಿಲ್ಲೆ ಎರಡು ದಪ್ಪ ಬೋಲ್ಟುಗಳನ್ನು ಸೇರಿಸಿದಾಗ ಬ್ಯಾಟರಿಯ ದೊಡ್ಡ ಕರೆಂಟು ಮೋಟರಿಗೆ ನುಗ್ಗುತ್ತದೆ. 350 ಸಿಸಿಗೆ ಅದು 100 ಆಂಪಿಯರ್ ಆಸುಪಾಸು ಅಂತ ಇಟ್ಟುಕೊಳ್ಳಿ. ಪ್ರತಿ ಸಲ ಸೇರುವಾಗ ಸಣ್ಣ ಕಿಡಿ ಹಾರುತ್ತದೆ, ವರ್ಷಗಟ್ಟಲೆ ಕಿಡಿ ತಿಂದು ಬಿಲ್ಲೆ ಕಪ್ಪಾಗಿ ಗುಂಡಿ ಬೀಳುತ್ತದೆ. ಸದ್ದು ಬರುತ್ತದೆ, ಕರೆಂಟು ದಾಟುವುದಿಲ್ಲ.

400–500 ರೂಪಾಯಿಯ ಸಾಧಾರಣ ಮಲ್ಟಿಮೀಟರ್ ಸಾಕು. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಬಟನ್ ಒತ್ತಲು ಇನ್ನೊಬ್ಬರು ಇರಲಿ. ಮೊದಲು ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ. ರಾತ್ರಿಯೆಲ್ಲ ಸುಮ್ಮನೆ ನಿಂತ ಒಳ್ಳೆ ಬ್ಯಾಟರಿ 12.6 ವೋಲ್ಟ್ ಅಥವಾ ಮೇಲೆ ತೋರಿಸಬೇಕು. ಈಗ ಬಟನ್ ಒತ್ತಿಸಿ. ಎಂಟೊಂಬತ್ತಕ್ಕೆ ಕುಸಿದರೆ ಒಂದೋ ಬ್ಯಾಟರಿಯಲ್ಲಿ ಶಕ್ತಿಯಿಲ್ಲ, ಇಲ್ಲವೇ ಮೋಟರ್ ಜಾಮ್ ಆಗಿ ಕರೆಂಟು ನುಂಗುತ್ತಿದೆ. ‘ಟಕ್’ ಅಂದರೂ ಮುಳ್ಳು 12.5ರಲ್ಲೇ ಅಲ್ಲಾಡದೆ ನಿಂತರೆ? ಬ್ಯಾಟರಿಯಿಂದ ಯಾರೂ ಏನೂ ಕೇಳಿಲ್ಲ ಅಂತಾಯಿತು, ದಾರಿಯಲ್ಲೆಲ್ಲೋ ತಡೆ ಇದೆ. ನಿಮ್ಮದು ಇದೇ ಇರಬೇಕು ಅನ್ನುವುದು ನನ್ನ ಅಂದಾಜು.

ಮುಂದೆ ರಿಲೇಯ ಎರಡು ದಪ್ಪ ಬೋಲ್ಟುಗಳ ಮೇಲೆ ಮೀಟರ್ ಇಟ್ಟು ಬಟನ್ ಒತ್ತಿಸಿ. ಹೆಚ್ಚು ಕಮ್ಮಿ ಸೊನ್ನೆಗೆ ಇಳಿಯಬೇಕು. 12 ಹಾಗೇ ಉಳಿದರೆ ರಿಲೇ ಹೋಗಿದೆ, ಅದನ್ನು ಮಾತ್ರ ಬದಲಿಸಿ, ಮೋಟರಿಗಿಂತ ಎಷ್ಟೋ ಅಗ್ಗ. ರಿಲೇ ಸರಿ ಇದ್ದರೆ ಮೀಟರಿನ ಒಂದು ಕಡ್ಡಿ ಮೋಟರಿನ ದಪ್ಪ ಬೋಲ್ಟಿಗೆ, ಇನ್ನೊಂದು ಮೋಟರಿನ ಮೈಗೆ ಹಿಡಿಯಿರಿ. ಅಲ್ಲಿ ವೋಲ್ಟೇಜ್ ಪೂರ್ತಿ ಬಂದೂ ಮೋಟರ್ ತಿರುಗದಿದ್ದರೆ ಒಳಗಿನ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಂಡು) ಸವೆದಿರುವ ಸಾಧ್ಯತೆ ಜಾಸ್ತಿ. ಸ್ಕ್ರೂಡ್ರೈವರ್ ಹಿಡಿಯಿಂದ ಮೋಟರಿಗೆ ಮೆಲ್ಲಗೆ ಎರಡು ತಟ್ಟಿ ನೋಡಿ, ಆಗ ಎದ್ದು ತಿರುಗಿದರೆ ಬ್ರಷ್ ಅನ್ನುವುದು ಬಹುತೇಕ ಖಾತ್ರಿ. ಆಗಲೂ ಇಡೀ ಮೋಟರ್ ಬೇಡ. ಬ್ರಷ್ ಸೆಟ್ ಬೇರೆಯಾಗಿ ಸಿಗುತ್ತದೆ, ಆಟೋ ಎಲೆಕ್ಟ್ರಿಷಿಯನ್ ಅಂಗಡಿಯಲ್ಲಿ ಕೊಟ್ಟರೆ ಕಾಮ್ಯುಟೇಟರ್ (ಬ್ರಷ್ ತಾಗುವ ತಾಮ್ರದ ಭಾಗ) ಉಜ್ಜಿ ಹಾಕಿಕೊಡುತ್ತಾರೆ.

ಕೊನೆಗೆ ಒಂದು ಮಾತು, ನಿಮ್ಮೂರಿನ ಮಳೆ ನೋಡಿದರೆ ಇದನ್ನೇ ಮೊದಲು ಹೇಳಬೇಕಿತ್ತೇನೋ. ಅರ್ತಿಂಗ್! ಬ್ಯಾಟರಿಯ ನೆಗೆಟಿವ್ ವೈರು ಎಂಜಿನ್ನಿಗೋ ಚಾಸಿಗೋ ಕೂರುವ ಬೋಲ್ಟನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ನನ್ನದೇ ಹಳೇ ಗಾಡಿಯಲ್ಲಿ ಒಂದು ಮಳೆಗಾಲ ಪೂರ್ತಿ ಕಿಕ್ ಹೊಡೆದು ಮಂಡಿ ನೋಯಿಸಿಕೊಂಡ ಮೇಲೆ ಆ ಬೋಲ್ಟ್ ಬಿಚ್ಚಿದೆ. ಹೊರಗಿಂದ ನೋಡಿದರೆ ಗಟ್ಟಿಯಾಗಿಯೇ ಇತ್ತು. ತೆಗೆದರೆ ವೈರಿನ ತುದಿಯ ಬಳೆಯ ಕೆಳಗೆ ಹಸಿರು ಪುಡಿ, ಅದರ ಕೆಳಗೆ ತುಕ್ಕು, ತುಕ್ಕಿನ ಅಂಚಿನಲ್ಲಿ ಯಾರೋ ಹೊಡೆದ ಪೇಂಟು. ಅಂಥ ಕಡೆ 0.02 ಓಮ್ ತಡೆ ಇದ್ದರೂ 100 ಆಂಪಿಯರ್ ಹರಿಯುವಾಗ 2 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಹೊಸ ಬ್ಯಾಟರಿ ಎರಡು ವಾರ ನಡೆಸಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಅದಕ್ಕೆ ಕಸುವು ಜಾಸ್ತಿ ಇತ್ತು, ಆ ಸೋರಿಕೆಯನ್ನೂ ತಾಳಿಕೊಂಡಿತು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಉಪ್ಪುಕಾಗದದಲ್ಲಿ ಆ ಬೋಲ್ಟಿನ ಜಾಗವನ್ನು ಲೋಹ ಹೊಳೆಯುವ ತನಕ ಉಜ್ಜಿ, ಗಟ್ಟಿಯಾಗಿ ಕೂರಿಸಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಖರ್ಚು ಇಲ್ಲ ಅಂದರೂ ಆದೀತು.

ಪ್ರಶ್ನೆ: ಬಟನ್ ಒತ್ತಿದರೆ ಮೋಟರ್ ‘ಸುಂಯ್’ ಅಂತ ಜೋರಾಗಿ ತಿರುಗುತ್ತದೆ, ಎಂಜಿನ್ ಅಲುಗುವುದೇ ಇಲ್ಲ. ಕಿಕ್ ಹೊಡೆದರೆ ಒಂದೇ ಏಟಿಗೆ ಸ್ಟಾರ್ಟ್. ಬ್ಯಾಟರಿ ಚಾರ್ಜ್ ಮಾಡಿಸಿದರೆ ಸರಿ ಹೋಗುತ್ತಾ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಇಲ್ಲ. ಮೋಟರ್ ಅಷ್ಟು ಜೋರಾಗಿ ಕೂಗುತ್ತಿದೆ ಎಂದರೆ ಬ್ಯಾಟರಿ, ರಿಲೇ, ಮೋಟರ್ ಎಲ್ಲ ಸರಿಯೇ ಇವೆ. ಹೋಗಿರುವುದು ಒನ್ ವೇ ಕ್ಲಚ್. ಸೈಕಲ್ಲಿನ ಫ್ರೀವೀಲ್ ಗೊತ್ತಲ್ಲ, ಪೆಡಲ್ ತುಳಿದರೆ ಚಕ್ರ ಹಿಡಿಯುತ್ತದೆ, ಬಿಟ್ಟರೆ ಚಕ್ರ ತನ್ನಷ್ಟಕ್ಕೆ ಓಡುತ್ತದೆ. ಇದೂ ಹಾಗೆಯೇ, ಮೋಟರ್ ತಿರುಗಿದಾಗ ಎಂಜಿನ್ನನ್ನು ಹಿಡಿಯಬೇಕು, ಎಂಜಿನ್ ಎದ್ದ ತಕ್ಷಣ ಬಿಡಬೇಕು. ಒಳಗಿನ ರೋಲರ್ ಸವೆದು, ಸ್ಪ್ರಿಂಗ್ ಸೋತರೆ ಹಿಡಿತ ತಪ್ಪುತ್ತದೆ.

ದೊಡ್ಡ ಸಿಂಗಲ್ ಸಿಲಿಂಡರ್ ಗಾಡಿಗಳಲ್ಲಿ ಇದಕ್ಕೆ ಒಂದು ದೊಡ್ಡ ಕಾರಣ ಸೋತ ಬ್ಯಾಟರಿಯಲ್ಲಿ ಸೆಲ್ಫ್ ಹೊಡೆಯುವುದು. ಪಿಸ್ಟನ್ ಕಷ್ಟಪಟ್ಟು ಮೇಲೆ ಬರುತ್ತಿರುವಾಗಲೇ ಕಿಡಿ ಹೊತ್ತಿಕೊಂಡರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಕಿಕ್ಕರ್ ಇದ್ದರೆ ಆ ಒದೆ ನಿಮ್ಮ ಕಾಲಿಗೆ, ಸೆಲ್ಫ್ ಆದರೆ ಪಾಪ ಈ ರೋಲರ್‌ಗಳಿಗೆ. ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಜಾಸ್ತಿ ಮುಂದಿದ್ದರೂ ಇದೇ ಪಾಡು. ಹಾಗಾಗಿ ಕ್ಲಚ್ ಬದಲಿಸುವಾಗ ಟೈಮಿಂಗ್ ಕೂಡ ನೋಡಿಸಿ, ಇಲ್ಲದಿದ್ದರೆ ಹೊಸದೂ ಬೇಗ ಹೋಗುತ್ತದೆ. ಆಯಿಲ್ ಡಬ್ಬಿ ಮೇಲೆ ಬೈಕಿನ ಆಯಿಲ್ ಗುರುತಾದ ಜಾಸೋ ಎಂಎ ಅಥವಾ ಎಂಎ2 ಅಂತ ಇರಲಿ, ಕಾರಿನ ಆಯಿಲ್ ಬೇಡ. ಕ್ಲಚ್ ಬದಲಿಸುವ ತನಕ ಸೆಲ್ಫ್ ಮುಟ್ಟಬೇಡಿ. ಮುರಿದ ಸ್ಪ್ರಿಂಗ್ ಚೂರು ಎಂಜಿನ್ ಒಳಗೆ ಓಡಾಡಿದರೆ ಖರ್ಚು ಬೇರೆಯೇ ಆಗುತ್ತದೆ. ಕಿಕ್ ಒಂದೇ ಏಟಿಗೆ ಬರುತ್ತಿದೆಯಲ್ಲ, ಪುಣ್ಯ.

ಪ್ರಶ್ನೆ: ಬೈಕ್ ತೊಳೆಸಿದ ಮಾರನೇ ದಿನದಿಂದ ಬಟನ್ ಒತ್ತಿದರೆ ಯಾವ ಸದ್ದೂ ಇಲ್ಲ. ಹಾರ್ನ್, ಲೈಟ್ ಎಲ್ಲ ಚೆನ್ನಾಗಿವೆ.
– ಓದುಗರೊಬ್ಬರು, ಹಾಸನ

ಉತ್ತರ: ನಗಬೇಡಿ, ಮೊದಲು ಕೆಂಪು ಕಿಲ್ ಸ್ವಿಚ್ ನೋಡಿ. ತೊಳೆಯುವ ಹುಡುಗರ ಕೈ ತಾಗಿ ಅದು ಆಫ್ ಆಗಿರುವುದು ಎಷ್ಟೋ ಸಲ. ಅದು ಸರಿ ಇದ್ದರೆ ನ್ಯೂಟ್ರಲ್ ದೀಪ ಉರಿಯುತ್ತಿದೆಯಾ, ಕ್ಲಚ್ ಹಿಡಿದರೆ ಬರುತ್ತದಾ, ಸೈಡ್ ಸ್ಟ್ಯಾಂಡ್ ಎತ್ತಿದರೆ ಬರುತ್ತದಾ ನೋಡಿ. ಇವುಗಳಲ್ಲಿ ಯಾವುದರ ಸ್ವಿಚ್ಚಿಗೆ ನೀರು ಹೋದರೂ ರಿಲೇಗೆ ಅಪ್ಪಣೆ ತಲುಪುವುದಿಲ್ಲ. ಯಾವುದೂ ಅಲ್ಲದಿದ್ದರೆ ಸೆಲ್ಫ್ ಬಟನ್ ಬಿಚ್ಚಿ ಒಳಗಿನ ಪಾಯಿಂಟ್ ಒರೆಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಅರ್ಧ ಗಂಟೆ ಬಿಸಿಲಲ್ಲಿ ಬಿಡಿ.

ಪ್ರಶ್ನೆ: ಆಫೀಸು ಮೂರೇ ಕಿಲೋಮೀಟರ್. ಎರಡು ಫಾಗ್ ಲ್ಯಾಂಪ್ ಹಾಕಿಸಿದ್ದೇನೆ. ಎರಡು ತಿಂಗಳಿಗೊಮ್ಮೆ ಬ್ಯಾಟರಿ ಡೌನ್. ಕಾರಿನ ಬ್ಯಾಟರಿಗೆ ವೈರು ಕೊಟ್ಟು ಜಂಪ್ ಸ್ಟಾರ್ಟ್ ಮಾಡಬಹುದಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮೂರು ಕಿಲೋಮೀಟರಿನಲ್ಲಿ ಸೆಲ್ಫ್ ತಿಂದಿದ್ದನ್ನೇ ಎಂಜಿನ್ ತುಂಬಿ ಕೊಡುವುದಿಲ್ಲ, ಅದರ ಮೇಲೆ ಎರಡು ದೀಪ ಬೇರೆ. ಎಂಜಿನ್ನನ್ನು 4000 ಆರ್‌ಪಿಎಂ ಸುತ್ತಮುತ್ತ ಇಟ್ಟು ಬ್ಯಾಟರಿ ಮೇಲೆ ಮೀಟರ್ ಹಿಡಿಯಿರಿ. 13.8ರಿಂದ 14.5 ವೋಲ್ಟ್ ಬಂದರೆ ಚಾರ್ಜಿಂಗ್ ಸರಿ ಇದೆ, ತಪ್ಪು ದೀಪಗಳದ್ದು. 2017ರ ಏಪ್ರಿಲ್‌ಗಿಂತ ಮುಂಚಿನ ಗಾಡಿಗಳಲ್ಲಿ ಹೆಡ್‌ಲೈಟ್ ಸ್ವಿಚ್ ಇರುತ್ತದೆ, ಸೆಲ್ಫ್ ಹೊಡೆಯುವಾಗ ಆಫ್ ಮಾಡಿಕೊಳ್ಳಿ. ಕಿಕ್ಕರ್ ಇದ್ದರೆ ಬೆಳಗಿನ ಮೊದಲ ಸ್ಟಾರ್ಟ್ ಅದರಲ್ಲೇ ಆಗಲಿ. ಜಂಪ್ ಕೊಡಬಹುದು, ಕಾರಿನದೂ 12 ವೋಲ್ಟೇ. ಆದರೆ ಕಾರಿನ ಎಂಜಿನ್ ಆಫ್ ಇರಬೇಕು. ಪ್ಲಸ್‌ಗೆ ಪ್ಲಸ್ ಮೊದಲು, ಮೈನಸ್ ವೈರನ್ನು ಕೊನೆಗೆ ಬೈಕಿನ ಎಂಜಿನ್ ಬೋಲ್ಟಿಗೆ ಕಚ್ಚಿಸಿ. ಗಾಡಿ ಸ್ಟಾರ್ಟ್ ಆದ ಮೇಲೆ ಅದನ್ನೇ ಮೊದಲು ಬಿಚ್ಚಿ.