ಹೆಲ್ಮೆಟ್ ತೆಗೆದ ಮೇಲೆ

"ಅವನಿಗೆ ಸ್ವಲ್ಪ ಕಾನ್ಫಿಡೆನ್ಸ್ ತುಂಬ್ರಿ ಮೇಡಂ." ಆಪ್ತಸಲಹೆಗೆಂದು ಮಕ್ಕಳನ್ನು ನನ್ನ ಹತ್ತಿರ ಕರೆತರುವ ಅಪ್ಪಂದಿರಲ್ಲಿ ಅರ್ಧಕ್ಕರ್ಧ ಜನ ಮಾತು ಶುರು ಮಾಡುವುದೇ ಹೀಗೆ. ಕ್ರಿಕೆಟ್ ಆಡುವ ಹುಡುಗ, ಶಟಲ್ ಆಡುವ ಹುಡುಗಿ, ನೀಟ್ ಪರೀಕ್ಷೆಯನ್ನು ಮೂರನೇ ಸಲ ಬರೆಯುತ್ತಿರುವವರು. ಮಕ್ಕಳು ಬೇರೆ ಬೇರೆ, ದೂರು ಒಂದೇ. ಪ್ರತಿಭೆ ಇದೆ, ಕೇಳಿದ್ದೆಲ್ಲ ಕೊಟ್ಟಿದ್ದೇವೆ, ಆದರೂ ಮೇಲೆ ಬರುತ್ತಿಲ್ಲ.

ಈ ಸಲ ಬಂದವನು ರೇಸಿಂಗ್ ಡ್ರೈವರ್. ಬಳ್ಳಾರಿಯಲ್ಲಿ ಕೂತು ಇಂಥದ್ದೊಂದು ಕೇಸು ನೋಡುತ್ತೇನೆ ಅಂತ ನಾನಂತೂ ಅಂದುಕೊಂಡಿರಲಿಲ್ಲ. ಹುಡುಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಮನೆಯ ವಿವರ, ರೇಸಿನ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ.

ಇಪ್ಪತ್ತರ ಆಸುಪಾಸಿನ ಹುಡುಗ. ಮೆಕ್ಯಾನಿಕಲ್ ಡಿಪ್ಲೊಮಾ, ಎರಡು ಸಬ್ಜೆಕ್ಟ್ ಬಾಕಿ. ಅಪ್ಪನದು ಟಿಪ್ಪರ್ ಲಾರಿಗಳ ವ್ಯವಹಾರ. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಅದಿರು ಗಣಿಗಾರಿಕೆ ನಿಲ್ಲಿಸಿದಾಗ ಮುಕ್ಕಾಲು ಪಾಲು ಗಾಡಿ ಮಾರಿ, ಉಳಿದ ನಾಲ್ಕೈದು ಇಟ್ಟುಕೊಂಡು ಮತ್ತೆ ಎದ್ದು ನಿಂತವರು. ಹುಡುಗ ರಜೆಗೆ ಬೆಂಗಳೂರಿನ ಚಿಕ್ಕಪ್ಪನ ಮನೆಗೆ ಹೋದಾಗ ಗೋ-ಕಾರ್ಟ್ ಹತ್ತಿದ. ಅಲ್ಲಿಂದ ಹುಚ್ಚು ಹಿಡಿಯಿತು. ಕೆಲವು ವರ್ಷ ಕಾರ್ಟಿಂಗ್ ಆಯಿತು. ಈಗ ಫಾರ್ಮುಲಾ ಕಾರಿನಲ್ಲಿ, ಅಂದರೆ ಒಬ್ಬರೇ ಕೂರುವ ರೇಸಿಂಗ್ ಕಾರಿನಲ್ಲಿ, ಒಂದು ಸೀಸನ್ ಓಡಿಸಬೇಕು. ಅದಕ್ಕೆ ಊರಾಚೆ ಇರುವ ಸೈಟು ಮಾರಬೇಕು. ಮಾರುವ ಮುಂಚೆ ಮಗನ ತಲೆ ಸರಿ ಮಾಡಿಸೋಣ ಅಂತ ಅಪ್ಪ ಕರೆತಂದಿದ್ದರು.

ಗೋ-ಕಾರ್ಟ್ ಅಂದರೆ ಮಾಲ್‌ನಲ್ಲಿ ಮಕ್ಕಳು ಸುತ್ತುವುದಲ್ಲ. ನಾನೂ ಇದನ್ನು ಓದಿ, ಕೇಳಿ ತಿಳಿದುಕೊಂಡಿದ್ದು. ರೇಸಿಂಗ್ ಕಾರ್ಟ್‌ಗೆ ಸಸ್ಪೆನ್ಷನ್ ಇಲ್ಲ. ಕೂತವನಿಗೂ ನೆಲಕ್ಕೂ ಕೆಲವೇ ಇಂಚು ಅಂತರ. ಗಂಟೆಗೆ ನೂರು ಕಿಲೋಮೀಟರ್ ಆರಾಮಾಗಿ ದಾಟುತ್ತದೆ. ಕಾರ್ ರೇಸಿಂಗಿನ ಅತಿ ಮೇಲಿನ ಹಂತವಾದ ಫಾರ್ಮುಲಾ 1ರಲ್ಲಿ ಚಾಂಪಿಯನ್ ಆದ ಸೆನ್ನಾ, ಷೂಮಾಕರ್, ಹ್ಯಾಮಿಲ್ಟನ್ ಎಲ್ಲರೂ ಇದರಲ್ಲೇ ಕಲಿತು ಮೇಲೆ ಹೋದವರು.

ಮೊದಲ ಕೆಲವು ಭೇಟಿಗಳಲ್ಲಿ ಹುಡುಗ ಹೇಳಿದ್ದೆಲ್ಲ ಒಂದೇ ಧಾಟಿ. ಒಂದು ರೇಸಿನಲ್ಲಿ ಟೈರು ಸರಿ ಇರಲಿಲ್ಲ. ಇನ್ನೊಂದರಲ್ಲಿ ಪಕ್ಕದವನು ಬೇಕಂತಲೇ ಗುದ್ದಿದ. ಕೊಯಮತ್ತೂರಿನ ಕೊನೆಯ ರೇಸಿನಲ್ಲಿ ಎಂಜಿನ್ ಎಳೆಯಲೇ ಇಲ್ಲ. "ಸ್ಟ್ರೇಟ್‌ನಲ್ಲಿ ಅಂದ್ರೆ ಟ್ರ್ಯಾಕಿನ ನೇರ ಭಾಗದಲ್ಲಿ, ಎಲ್ಲರೂ ನನ್ನ ದಾಟಿ ಹೋಗ್ತಿದ್ರು ಮೇಡಂ. ನಾನು ಫುಲ್ ಒತ್ತಿದ್ದೀನಿ, ಗಾಡಿ ಹೋಗ್ತಿಲ್ಲ. ಮೆಕ್ಯಾನಿಕ್ ಟ್ಯೂನಿಂಗ್ ಸರಿ ಮಾಡಿಲ್ಲ." ಸುಳ್ಳು ಹೇಳುತ್ತಿಲ್ಲ ಅನ್ನುವುದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವನಿಗೆ ಅನಿಸಿದ್ದೇ ಹಾಗೆ.

"ಮೆಕ್ಯಾನಿಕ್ ಏನು ಹೇಳಿದರು?" ಅಂತ ಕೇಳಿದೆ.

"ಏನೂ ಹೇಳಿಲ್ಲ. ಅವ್ರು ಏನೂ ಹೇಳೋದೇ ಇಲ್ಲ."

ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ಮುಂದಿನ ಸಲ ಅಪ್ಪನನ್ನೂ ಕೂರಿಸಿಕೊಂಡೆ. ಆ ದಿನ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅಪ್ಪ ಬಂದವರೇ ಫೋನಿನಲ್ಲಿ ಯಾರನ್ನೋ ಜಾಡಿಸುತ್ತಿದ್ದರು. ಫೋನಿಟ್ಟು ನಕ್ಕರು. "ನೋಡ್ರಿ ಮೇಡಂ, ಹೋದ ವರ್ಷ ಒಂದು ಟಿಪ್ಪರ್‌ದು ಗೇರ್‌ಬಾಕ್ಸೇ ಹೋಯ್ತು. ಸಂಡೂರು ರಸ್ತೆಯಾಗ ನಡುದಾರಿಗೆ ನಿಂತುಬಿಡ್ತು. ವಾರದಿಂದ ಸದ್ದು ಬರ್ತಿತ್ತಂತ. ಡ್ರೈವರ್‌ಗೆ ಗೊತ್ತು, ಕ್ಲೀನರ್‌ಗೆ ಗೊತ್ತು. ಒಬ್ಬ ಮಗನೂ ಹೇಳಿಲ್ಲ. ನನ್ನ ಮುಂದ ಯಾರೂ ಬಾಯಿ ಬಿಡಲ್ಲ. ಆ ಭಯ ಇಟ್ಟೀನಿ." ಕೊನೆಯ ಮಾತು ಹೇಳುವಾಗ ದನಿಯಲ್ಲಿ ಹೆಮ್ಮೆ ಇತ್ತು. ಗೇರ್‌ಬಾಕ್ಸ್‌ಗೆ ಎಷ್ಟು ಖರ್ಚಾಯಿತು ಅಂತ ಕೇಳಿದೆ. ಹೇಳಿದರು. ದೊಡ್ಡ ಮೊತ್ತವೇ. ಸುಮ್ಮನಾದೆ.

ಆಮೇಲೆ ಹುಡುಗನಿಗೆ ಒಂದು ಕೆಲಸ ಕೊಟ್ಟೆ. ಮೆಕ್ಯಾನಿಕ್‌ಗೆ ಇಲ್ಲಿಂದಲೇ ಫೋನ್ ಮಾಡು, ಸ್ಪೀಕರ್‌ಗೆ ಹಾಕು, ನಾವೂ ಕೇಳುತ್ತಿದ್ದೇವೆ ಅಂತ ಮೊದಲೇ ಹೇಳಿಬಿಡು. ಕೊಯಮತ್ತೂರಿನಲ್ಲಿ ಏನಾಯಿತು ಅಂತ ಕೇಳು. ಅವರು ಮುಗಿಸುವ ತನಕ ಒಂದು ಮಾತೂ ಆಡಬೇಡ. ಹುಡುಗ ಬೇಡ ಅಂದ. ಅಪ್ಪ ಮಾಡು ಅಂದರು. ಅಪ್ಪನನ್ನು ತಡೆದು, "ನಿನಗೆ ಬೇಡ ಅಂದರೆ ಬೇಡ, ಬಲವಂತ ಇಲ್ಲ" ಅಂದೆ. ಸ್ವಲ್ಪ ಹೊತ್ತು ಮೊಬೈಲನ್ನು ತಿರುಗಿಸುತ್ತಾ ಕೂತಿದ್ದವನು ತಾನೇ ಫೋನ್ ಮಾಡಿದ.

"ಅಣ್ಣ, ಆ ದಿನ ಗಾಡೀಲಿ ಏನಾಗಿತ್ತು?"

ಆ ಕಡೆ ಮೌನ. ಆಮೇಲೆ, "ಹೇಳಿದ್ರೆ ಬೈಯಲ್ಲ ತಾನೆ ತಮ್ಮಾ?"

"ಇಲ್ಲ, ಹೇಳಣ್ಣ."

ಅವರು ಹೇಳಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಬರೆಯುತ್ತೇನೆ. ಎಂಜಿನ್ ಚೆನ್ನಾಗಿಯೇ ಇತ್ತು. ಸ್ಟ್ರೇಟ್‌ಗಿಂತ ಮುಂಚೆ ಒಂದು ನಿಧಾನದ ತಿರುವು ಇದೆ. ಮುಂದಿನವನನ್ನು ಹಿಡಿಯುವ ಆತುರದಲ್ಲಿ ಹುಡುಗ ಅಲ್ಲಿ ತಡವಾಗಿ ಬ್ರೇಕ್ ಹಾಕುತ್ತಿದ್ದ. ಗಾಡಿ ಜಾರುತ್ತಿತ್ತು. ಜಾರಿದ್ದನ್ನು ಸರಿಮಾಡಿಕೊಂಡು ಆಕ್ಸಿಲರೇಟರ್ ಒತ್ತುವಷ್ಟರಲ್ಲಿ ಉಳಿದವರು ಆಗಲೇ ಒತ್ತಿ ಆಗಿರುತ್ತಿತ್ತು. ತಿರುವಿನಿಂದ ಹೊರಬರುವಾಗಲೇ ವೇಗ ಕಮ್ಮಿ. ಆ ಕೊರತೆ ಸ್ಟ್ರೇಟ್‌ನ ಉದ್ದಕ್ಕೂ ಜೊತೆಗೇ ಬರುತ್ತದೆ. ಕೂತವನಿಗೆ ಮಾತ್ರ ಎಂಜಿನ್ ಎಳೆಯುತ್ತಿಲ್ಲ ಅನಿಸುತ್ತದೆ. ತಪ್ಪು ಆಗಿದ್ದು ಒಂದು ಕಡೆ, ಕಂಡಿದ್ದು ಇನ್ನೊಂದು ಕಡೆ.

"ಗಾಡೀಲಿ ರೆಕಾರ್ಡ್ ಆದ ಡೇಟಾದಲ್ಲಿ ಎಲ್ಲಾ ಇದೆ ತಮ್ಮಾ. ಪ್ರತಿ ಲ್ಯಾಪಲ್ಲೂ ಅದೇ ಜಾಗ."

"ಮತ್ತೆ ಅವತ್ತೇ ಯಾಕೆ ತೋರಿಸ್ಲಿಲ್ಲ?"

"ಅದರ ಹಿಂದಿನ ಸಲ ತೋರಿಸಿದ್ದೆ. ಗ್ಲೌಸ್ ತೆಗೆದು ಮುಖದ ಮೇಲೆ ಬಿಸಾಕಿದ್ರಿ. ಆಮೇಲಿಂದ ನೀವು ಹೆಲ್ಮೆಟ್ ತೆಗೆದ ಮೇಲೆ ನಾವ್ಯಾರೂ ಹತ್ರ ಬರ್ತಿರ್ಲಿಲ್ಲ."

ತಮ್ಮಾ ಅನ್ನುತ್ತಿದ್ದವರು ಆ ಒಂದು ಮಾತಿಗೆ ನೀವು ಅಂದುಬಿಟ್ಟರು. ಹುಡುಗ ಕೆಂಪಾದ. ಅಪ್ಪ ಕಿಟಕಿ ಕಡೆ ಮುಖ ತಿರುಗಿಸಿದರು. ಗೇರ್‌ಬಾಕ್ಸಿನ ಮಾತನ್ನು ನಾನು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಮುಂದಿನ ವಾರ ಹುಡುಗ ತಯಾರಾಗಿಯೇ ಬಂದಿದ್ದ. "ವರ್ಸ್ಟಾಪನ್ ರೇಡಿಯೊದಲ್ಲಿ ಹೆಂಗೆ ಬೈತಾರೆ ಕೇಳಿದ್ದೀರಾ ಮೇಡಂ? ಅವರು ನಾಲ್ಕು ಸಲ ಫಾರ್ಮುಲಾ 1 ಚಾಂಪಿಯನ್. ಸಿಟ್ಟಿಲ್ಲದೆ ರೇಸ್ ಗೆಲ್ಲಕ್ಕಾಗಲ್ಲ." ಒಳ್ಳೆಯ ವಾದ. ಸಿಟ್ಟು ಬಿಡು ಅಂತ ನಾನು ಹೇಳಿಯೂ ಇರಲಿಲ್ಲ. ರೇಸಿನ ನಡುವೆ ಡ್ರೈವರ್ ತನ್ನ ತಂಡದ ಜೊತೆ ಮಾತಾಡುವ ರೇಡಿಯೊದ ಕೆಲವು ತುಣುಕುಗಳನ್ನು ಇಬ್ಬರೂ ಕೂತು ಕೇಳಿದೆವು. ವರ್ಸ್ಟಾಪನ್ ಕೂಗಾಡುತ್ತಾರೆ, ನಿಜ. ಅವರ ರೇಸ್ ಎಂಜಿನಿಯರ್ ಜಾನ್‌ಪಿಯೆರೊ ಲಂಬಿಯಾಸೆ ಅಷ್ಟೇ ಖಾರವಾಗಿ ತಿರುಗಿ ಕೊಡುತ್ತಾರೆ. ವರ್ಸ್ಟಾಪನ್ 2016ರಲ್ಲಿ ತಮ್ಮ ತಂಡ ರೆಡ್ ಬುಲ್‌ಗೆ ಬಂದಾಗಿನಿಂದ ಗೆದ್ದ ನಾಲ್ಕೂ ಚಾಂಪಿಯನ್‌ಷಿಪ್‌ಗಳಲ್ಲಿ ಕಿವಿಯಲ್ಲಿ ಇದ್ದ ದನಿ ಅವರದೇ. "ನಿನ್ನ ಮೆಕ್ಯಾನಿಕ್ ನಿನಗೆ ಹೀಗೆ ತಿರುಗಿ ಮಾತಾಡಬಲ್ಲರಾ?" ಅಂದೆ. ಅವನು ಉತ್ತರ ಕೊಡಲಿಲ್ಲ.

ಮನೋಭಾವ ಅಂದ ಕೂಡಲೇ ಜನ ಧೈರ್ಯ, ಛಲ, ಪಾಸಿಟಿವ್ ಥಿಂಕಿಂಗ್ ಅಂತ ಶುರು ಮಾಡುತ್ತಾರೆ. ನನಗೆ ಅದರಲ್ಲಿ ಜಾಸ್ತಿ ನಂಬಿಕೆ ಇಲ್ಲ. ರೇಸ್ ಡ್ರೈವರ್ ಹೆಲ್ಮೆಟ್ ಒಳಗೆ ಕೂತು ಎಲ್ಲವನ್ನೂ ನೋಡಲಾರ. ಅವನ ಕಣ್ಣಿಗೆ ಬೀಳದ್ದನ್ನು ಹೇಳುವುದಕ್ಕೆ ನಾಲ್ಕು ಜನ ಇರುತ್ತಾರೆ. ಅವರ ಬಾಯಿ ಮುಚ್ಚಿಸಿದರೆ ಅವನು ಕುರುಡನಾಗಿ ಓಡಿಸುತ್ತಾನೆ. ನನ್ನ ಪ್ರಕಾರ ಮನೋಭಾವ ಅಂದರೆ ಮುಖ್ಯವಾಗಿ ಇಷ್ಟು: ಸೋತು ಬಂದ ಅರ್ಧ ಗಂಟೆಯಲ್ಲಿ ಇನ್ನೊಬ್ಬರು ನಿನಗೆ ನಿಜ ಹೇಳಬಹುದಾ, ಇಲ್ಲವಾ?

ಇದಕ್ಕೆ ನಾನು ಅವನಿಗೆ ಹೇಳಿದ್ದು ಫಾರ್ಮುಲಾ 1 ಡ್ರೈವರ್ ನಿಕಿ ಲೌಡಾ ಅವರ ಕತೆ. ಧೈರ್ಯದ ಕತೆಯಾಗಿ ಅದನ್ನು ಎಲ್ಲರೂ ಹೇಳುತ್ತಾರೆ. 1976ರ ಆಗಸ್ಟ್‌ನಲ್ಲಿ ಜರ್ಮನಿಯ ನೂರ್ಬುರ್ಗ್‌ರಿಂಗ್‌ನಲ್ಲಿ ಬೆಂಕಿಗೆ ಸಿಕ್ಕಿ, ಬದುಕುವುದೇ ಅನುಮಾನ ಅನ್ನುವಂತಾಗಿ, ಆರು ವಾರಕ್ಕೆ ಮತ್ತೆ ಕಾರು ಹತ್ತಿದವರು. ನನಗೆ ಬೇಕಾಗಿದ್ದು ಅಕ್ಟೋಬರ್‌ನಲ್ಲಿ ಜಪಾನಿನ ಫ್ಯೂಜಿಯಲ್ಲಿ ನಡೆದದ್ದು. ಆ ವರ್ಷದ ಕೊನೆಯ ರೇಸು. ಚಾಂಪಿಯನ್‌ಷಿಪ್‌ಗೆ ಎದುರಾಳಿಯಾಗಿದ್ದ ಜೇಮ್ಸ್ ಹಂಟ್‌ಗಿಂತ ಮೂರು ಪಾಯಿಂಟ್ ಮುಂದಿದ್ದರು. ಧೋ ಅಂತ ಮಳೆ. ಲೌಡಾ ಎರಡು ಲ್ಯಾಪ್, ಅಂದರೆ ಟ್ರ್ಯಾಕಿನ ಎರಡು ಸುತ್ತು, ಮುಗಿಸಿ ಬಂದು ಇಳಿದುಬಿಟ್ಟರು. ಎಂಜಿನ್ ಕೆಟ್ಟಿತು ಅಂತ ಹೇಳಿಬಿಡೋಣ ಅಂದರು ಅವರ ತಂಡವಾದ ಫೆರಾರಿಯ ಎಂಜಿನಿಯರ್ ಮೌರೊ ಫೋರ್ಗಿಯೇರಿ. ಲೌಡಾ ಒಪ್ಪಲಿಲ್ಲ. ನಿಲ್ಲಿಸಿದ್ದು ನಾನು ಅಂತಲೇ ಹೇಳಿದರು. ಹಂಟ್ ಮೂರನೆಯವರಾಗಿ ಬಂದರು. ಚಾಂಪಿಯನ್‌ಷಿಪ್ ಒಂದೇ ಒಂದು ಪಾಯಿಂಟಿನಲ್ಲಿ ಕೈತಪ್ಪಿತು. ಮರುವರ್ಷ ಅದೇ ಫೆರಾರಿಯಲ್ಲಿ ಲೌಡಾ ಮತ್ತೆ ಚಾಂಪಿಯನ್ ಆದರು. ಎಂಜಿನ್ ಮೇಲೆ ಹಾಕುವ ಅವಕಾಶ ತಾನಾಗಿ ಕೈಗೆ ಬಂದಿತ್ತು. ಬೇಡ ಅಂದರು, ಅಷ್ಟೇ.

ಇನ್ನೊಂದು ವಿಷಯ ಹೊರಬಿದ್ದಿದ್ದು ಅವನ ಅವ್ವನಿಂದ. ರಾತ್ರಿ ಹತ್ತರ ಮೇಲೆ ಗೆಳೆಯರ ಜೊತೆ ತೋರಣಗಲ್ಲು ರಸ್ತೆಯಲ್ಲಿ ಬೈಕ್ ರೇಸು. ಅದಿರು ಲಾರಿಗಳು ಓಡಾಡುವ ರಸ್ತೆ. "ಪ್ರಾಕ್ಟೀಸ್" ಅನ್ನುತ್ತಿದ್ದ. ನಾನು ಇಲ್ಲಿ ಮೆತ್ತಗೆ ಮಾತಾಡಲಿಲ್ಲ. ನಿನ್ನ ಜೀವದ ವಿಷಯ ಆಮೇಲೆ, ಎದುರು ಬರುವವನು ಯಾರು ಅಂತ ನಿನಗೆ ಗೊತ್ತಾ ಅಂದೆ. ಫಾರ್ಮುಲಾ 1 ಡ್ರೈವರ್ ರಾಬರ್ಟ್ ಕುಬಿತ್ಸಾ ಹೆಸರು ಅವನಿಗೆ ಗೊತ್ತಿತ್ತು. 2011ರ ಫೆಬ್ರುವರಿಯಲ್ಲಿ, ಫಾರ್ಮುಲಾ 1 ಸೀಸನ್ ಶುರುವಾಗುವ ಮುಂಚೆ, ಇಟಲಿಯ ಒಂದು ಸಣ್ಣ ರ್‍ಯಾಲಿಗೆ ಹೋದರು. ರಸ್ತೆಬದಿಯ ಕಬ್ಬಿಣದ ತಡೆಬೇಲಿ ಕಾರಿನೊಳಗೆ ನುಗ್ಗಿ ಬಲಗೈ ಜಜ್ಜಿಹೋಯಿತು. ಮತ್ತೆ ಫಾರ್ಮುಲಾ 1 ರೇಸಿಗೆ ಬಂದದ್ದು 2019ರಲ್ಲಿ. ಅದು ಅಧಿಕೃತ ರ್‍ಯಾಲಿ, ಅವರು ತಪ್ಪೇನೂ ಮಾಡಿರಲಿಲ್ಲ. ಆದರೂ ಬಿಡುವಿನ ಒಂದು ದಿನದ ಆಯ್ಕೆಗೆ ಎಂಟು ವರ್ಷ ಹೋದವು. ನಿನ್ನದು ಅಧಿಕೃತವೂ ಅಲ್ಲ.

ಕೊನೆಗೆ ನಾನು ಕೊಟ್ಟ ಸಲಹೆ ಹೀಗಿತ್ತು. ಈ ವರ್ಷ ಸೈಟು ಮಾರಬೇಡಿ. ಇನ್ನೊಂದು ವರ್ಷ ಕಾರ್ಟ್‌ನಲ್ಲೇ ಇರಲಿ. ರೇಸು ಮುಗಿಸಿ ಬಂದಾಗ ಯಾರ ಜೊತೆಗೂ ಮಾತಾಡುವ ಮುಂಚೆ, ಗಾಡಿ ಏನು ಮಾಡಿತು ಅನ್ನುವುದಕ್ಕಿಂತ ಮೊದಲು, ತಾನೇನು ಮಾಡಿದೆ ಅಂತ ಒಂದು ಚೀಟಿಯಲ್ಲಿ ಬರೆಯಲಿ. ಆಮೇಲೆ ಮೆಕ್ಯಾನಿಕ್ ಮಾತಾಡಲಿ, ಇವನು ಕೇಳಲಿ. ಬೈಕಿನ ಕೀಲಿ ರಾತ್ರಿ ಅವ್ವನ ಹತ್ತಿರ ಇರಲಿ. ಬಾಕಿ ಇರುವ ಎರಡು ಸಬ್ಜೆಕ್ಟ್ ಮುಗಿಸಲಿ. ಮೆಕ್ಯಾನಿಕಲ್ ಓದಿದವನಿಗೆ ಡೇಟಾ ಓದುವುದು ಬರಬೇಕು, ಅಲ್ವಾ?

ಅಪ್ಪನಿಗೆ ಇದು ಹಿಡಿಸಲಿಲ್ಲ. "ಕಾನ್ಫಿಡೆನ್ಸ್ ತುಂಬ್ರಿ ಅಂದ್ರ ಇದ್ದದ್ದೂ ತೆಗೆದ್ರಿ" ಅಂದರು. ಹುಡುಗನ ಮಾವ ಒಬ್ಬರು ಫೋನ್ ಮಾಡಿ, ನಮ್ಮ ಕಡೆಯ ಮಕ್ಕಳು ಮೇಲೆ ಬರುವುದು ನಿಮಗೆ ಬೇಡವಾ ಅಂತಲೂ ಕೇಳಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಮಕ್ಕಳಿಗೆ ಟ್ರ್ಯಾಕ್ ನೋಡಬೇಕಾದರೂ ರಾತ್ರಿಯಿಡೀ ಪ್ರಯಾಣ ಮಾಡಬೇಕು. ಭಾರತದಿಂದ ಫಾರ್ಮುಲಾ 1 ರೇಸ್ ಓಡಿಸಿದವರು ಇಬ್ಬರೇ. 2005ರಲ್ಲಿ ಶುರು ಮಾಡಿದ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಬಂದ ಕರುಣ್ ಚಂಢೋಕ್. ಒಬ್ಬರ ಊರು ಕೊಯಮತ್ತೂರು, ಇನ್ನೊಬ್ಬರದು ಚೆನ್ನೈ. ಎರಡೂ ಕಡೆ ಟ್ರ್ಯಾಕ್ ಇದೆ. ಇಬ್ಬರ ಅಪ್ಪಂದಿರೂ ಮೋಟಾರ್ ಕ್ರೀಡೆಯಲ್ಲೇ ಪಳಗಿದವರು. ಮಗ ಕಾರಿಂದ ಇಳಿದಾಗ ಏನು ಕೇಳಬೇಕು ಅಂತ ಆ ಮನೆಗಳಿಗೆ ಗೊತ್ತಿತ್ತು.

ನಮ್ಮ ಹುಡುಗನಿಗೆ ಆ ಅನುಕೂಲ ಇಲ್ಲ. ಅದಕ್ಕೇ ನಾನು ಸೈಟು ಮಾರಬೇಡಿ ಅಂದಿದ್ದು. ಮನೆಯ ಸೈಟು ಮಾರಿ ಕೂತ ಸೀಟಿನಲ್ಲಿ ಯಾವ ಹುಡುಗನೂ "ತಪ್ಪು ನನ್ನದು" ಅನ್ನಲಾರ. ಹಾಗಂದರೆ ಅಪ್ಪನ ಅಷ್ಟೂ ದುಡ್ಡು ತಾನೇ ಹಾಳು ಮಾಡಿದೆ ಅಂದ ಹಾಗಾಗುತ್ತದೆ. ಆಗ ಟೈರು, ಎಂಜಿನ್, ಮೆಕ್ಯಾನಿಕ್ ಮೇಲೆ ಹಾಕಲೇಬೇಕು. ಇದು ಇವನೊಬ್ಬನ ಮಾತಲ್ಲ. ಸಾಲ ಮಾಡಿ ಕೋಚಿಂಗ್‌ಗೆ ಕಳಿಸಿದ ಮಗಳು ಅಂಕ ಮುಚ್ಚಿಡುವುದೂ ಇದೇ ಕಾರಣಕ್ಕೆ. ದುಡ್ಡು ಹಾಕಿದ ಮೇಲೆ ನಿಜ ಹೇಳುವುದು ಮಕ್ಕಳಿಗೆ ತುಂಬಾ ದುಬಾರಿಯಾಗುತ್ತದೆ.

ಆ ಮೇಲೆ ಹುಡುಗ ಇನ್ನೊಂದು ರೇಸಿಗೆ ಹೋಗಿ ಬಂದ. ಆರನೆಯವನಾಗಿ ಮುಗಿಸಿದ. ಹಿಂದೆ ಇದಕ್ಕಿಂತ ಮೇಲೆ ಬಂದಿದ್ದೂ ಇದೆ, ಹಾಗಾಗಿ ಇದನ್ನು ನಾನು ಗೆಲುವು ಅಂತ ಬರೆಯುತ್ತಿಲ್ಲ. ಟ್ರ್ಯಾಕಿನಿಂದಲೇ ಚೀಟಿಯ ಫೋಟೊ ಕಳಿಸಿದ್ದ. ಮೊದಲ ಸಾಲು: "ಎರಡನೇ ತಿರುವಲ್ಲಿ ಇನ್ನೂ ತಡವಾಗಿ ಬ್ರೇಕ್ ಹಾಕ್ತಿದ್ದೀನಿ." ಕೆಳಗೆ ಬೇರೆ ಅಕ್ಷರದಲ್ಲಿ ಮೆಕ್ಯಾನಿಕ್ ಬರೆದಿದ್ದರು: "ನಾಲ್ಕನೇದರಲ್ಲೂ."

ಪ್ರತಿ ಸಲ ನಿಮಗೂ ಕಳಿಸಲಾ ಮೇಡಂ ಅಂತ ಕೇಳಿದ್ದ. ಬೇಡ, ಬ್ರೇಕಿನ ವಿಷಯ ನನಗೆ ತಿಳಿಯುವುದಿಲ್ಲ ಅಂತ ಉತ್ತರಿಸಿದೆ. ಸೈಟು ಇನ್ನೂ ಮಾರಿಲ್ಲ, ಆದರೆ ಅಪ್ಪ ಬ್ರೋಕರ್ ಜೊತೆ ಮಾತಾಡುತ್ತಲೇ ಇದ್ದಾರಂತೆ. ಅವರೊಬ್ಬರನ್ನೇ ಒಂದು ಸಲ ಬರಲು ಹೇಳಿದ್ದೇನೆ. ಡ್ರೈವರ್‌ಗಳ ವಿಷಯ ಮಾತಾಡಬೇಕು ಅಂತ ಹೇಳಿ ಕಳಿಸಿದ್ದೇನೆ, ಮಗನ ವಿಷಯ ಅಂದರೆ ಬರುವುದಿಲ್ಲ.