ಯುಗಾದಿಗೆ ಹೂತ ಕವರು ದೀಪಾವಳಿಗೆ ಸಿಕ್ಕಿತು

(ಗಂಗಾವತಿಯಲ್ಲಿ ನಾಲ್ವರು ಹೆಣ್ಣುಮಕ್ಕಳನ್ನು ಜೊತೆಗೆ ಕಟ್ಟಿಕೊಂಡು ಖಡಕ್ ರೊಟ್ಟಿ ಕೇಂದ್ರ ನಡೆಸುತ್ತಿರುವ ಓದುಗರೊಬ್ಬರ ಪತ್ರದ ಸಾರ: “ಎರಡು ವರ್ಷದಿಂದ ರೊಟ್ಟಿ ಕಟ್ಟಲು ‘ಮಣ್ಣಿನಲ್ಲಿ ಕರಗುವ’ ಕವರನ್ನೇ ಕೊಳ್ಳುತ್ತಿದ್ದೇನೆ. ದರ ಮಾಮೂಲಿ ಕವರಿನ ಮೂರು ಪಟ್ಟು. ಶ್ರಾವಣದ ಮಳೆಯಲ್ಲಿ ರೊಟ್ಟಿ ಬೇಗ ಮೆತ್ತಗಾಗುತ್ತದೆ, ಅದನ್ನೂ ಸಹಿಸಿಕೊಂಡೆ. ಯುಗಾದಿಯಂದು ಒಂದು ಕವರನ್ನು ಹಿತ್ತಲ ಕರಿಬೇವಿನ ಬುಡದಲ್ಲಿ ಹೂತಿದ್ದೆ. ದೀಪಾವಳಿಗೆ ಅಗೆದರೆ ಅಕ್ಷರವೂ ಅಳಿಸಿರಲಿಲ್ಲ. ನಮ್ಮ ಬಿಸಿಲಿಗೇ ಕರಗದ್ದು ಇನ್ನೆಲ್ಲಿ ಕರಗುತ್ತದೆ? ಗಿರಾಕಿಗಳು ಮಾತ್ರ ‘ಕರಗುತ್ತದಲ್ಲ’ ಎಂದು ಅಂಗಡಿಯ ಮುಂದೆಯೇ ಎಸೆದು ಹೋಗುತ್ತಾರೆ. ನನಗೆ ಮೋಸವಾಗಿದೆಯೇ? ಇಂಥ ಪ್ಲಾಸ್ಟಿಕ್‌ನಿಂದ ಕಸ ಕಡಿಮೆಯಾಗುವುದು ನಿಜವೇ?” ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ.)

ಅಕ್ಕನವರೆ,

ಪತ್ರದ ಜೊತೆ ನೀವು ಕಳುಹಿಸಿದ ಕವರು ನನ್ನ ಮೇಜಿನ ಮೇಲಿದೆ. ಮಡಿಕೆಗಳಲ್ಲಿ ಎರೆಮಣ್ಣು ಒಣಗಿ ಕೂತಿದೆ. ಒಂದು ಮೂಲೆ ಹರಿದಿದೆ, ಅದು ಸನಿಕೆ ತಾಗಿದ ಗಾಯವಿರಬೇಕು. ಹಸಿರು ಎಲೆಯ ಚಿತ್ರ, ಅದರ ಸುತ್ತ ಬಾಣ, ಕೆಳಗೆ ‘ಪರಿಸರಸ್ನೇಹಿ’ ಎಂಬ ಪದ, ಎಲ್ಲವೂ ನಿಚ್ಚಳ. ಊದಿ ನೋಡಿದೆ, ಹರಿದ ಮೂಲೆಯನ್ನು ಬಿಟ್ಟರೆ ಎಲ್ಲಿಯೂ ಗಾಳಿ ಸೋರಲಿಲ್ಲ.

ಏಳು ತಿಂಗಳು ಕಾದು ನೀವು ಮಾಡಿದ ಈ ಪರೀಕ್ಷೆಯನ್ನು ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಮೂರು ವರ್ಷ ಮಾಡಿದ್ದಾರೆ. ಬೇರೆ ಬೇರೆ ಹೆಸರಿನ ಚೀಲಗಳನ್ನು ಮಣ್ಣಿನಲ್ಲಿ ಹೂತರು, ಸಮುದ್ರದಲ್ಲಿ ಮುಳುಗಿಸಿದರು, ಬಯಲಲ್ಲಿ ತೂಗುಹಾಕಿದರು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಣ್ಣಿನಲ್ಲಿ ಮೂರು ವರ್ಷ ಕಳೆದ ‘ಜೈವಿಕ ವಿಘಟನೀಯ’ ಚೀಲದಲ್ಲಿ ಸಂತೆಯ ಸಾಮಾನು ತುಂಬಿ ಹೊತ್ತೊಯ್ಯಬಹುದಿತ್ತು. ‘ಗೊಬ್ಬರವಾಗುವ’ ಎಂದು ಬರೆದ ಇನ್ನೊಂದು ಚೀಲ ಸಮುದ್ರದಲ್ಲಿ ಮೂರು ತಿಂಗಳೊಳಗೆ ಕಣ್ಮರೆಯಾಯಿತು. ಅದೇ ಚೀಲ ಮಣ್ಣಿನಲ್ಲಿ 27 ತಿಂಗಳಾದರೂ ಇತ್ತು, ಆದರೆ ಭಾರ ಹಾಕಿದರೆ ಹರಿಯುತ್ತಿತ್ತು. ಬಯಲಿನಲ್ಲಿ ತೂಗುಹಾಕಿದ್ದವು, ಮಾಮೂಲಿ ಪ್ಲಾಸ್ಟಿಕ್‌ನದೂ ಸೇರಿ, ಒಂಬತ್ತು ತಿಂಗಳಲ್ಲಿ ಚೂರುಚೂರಾದವು. ಚೂರಾದವು ಎಂದರೆ ಕರಗಿದವು ಎಂದು ದಯವಿಟ್ಟು ಓದಿಕೊಳ್ಳಬೇಡಿ. ಈ ವ್ಯಾಪಾರದ ಅರ್ಧ ಗೊಂದಲ ಈ ಎರಡು ಕ್ರಿಯಾಪದಗಳ ನಡುವೆ ಇದೆ.

ಅದನ್ನು ನಾನು ಕಲಿತದ್ದು ನಮ್ಮದೇ ಕಚೇರಿಯಲ್ಲಿ. ಆರೇಳು ವರ್ಷದ ಹಿಂದೆ, ಚಂದಾದಾರರಿಗೆ ಪತ್ರಿಕೆಯನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಕಳುಹಿಸುತ್ತೀರಲ್ಲ, ಪರಿಸರದ ಬಗ್ಗೆ ಬರೆಯಲು ನಿಮಗೆ ನಾಚಿಕೆಯಾಗುವುದಿಲ್ಲವೇ ಎಂದು ಓದುಗರೊಬ್ಬರು ಸರಿಯಾಗಿಯೇ ಬೈದಿದ್ದರು. ನಾಚಿಕೆಯಾಯಿತು. ‘ತಾನಾಗಿಯೇ ಕರಗುವ’ ಹೊದಿಕೆಯನ್ನು ತಂದುಕೊಡುವ ವ್ಯಾಪಾರಿಯೊಬ್ಬ ಸಿಕ್ಕ. ಸಂಪಾದಕೀಯದಲ್ಲಿ ಎರಡು ಸಾಲು ಹೆಮ್ಮೆಯಿಂದ ಬರೆದುಕೊಂಡೆ. ಕಳೆದ ವರ್ಷ ಹಳೆಯ ಸಂಚಿಕೆ ಹುಡುಕಲು ಮಾಳಿಗೆಯ ತಗಡಿನ ಕೋಣೆಗೆ ಹೋದಾಗ ಒಂದು ಕಟ್ಟನ್ನು ಎತ್ತಿದೆ, ಹೊದಿಕೆ ಸುಟ್ಟ ಹಪ್ಪಳದಂತೆ ಬೆರಳಿನಲ್ಲೇ ಮುರಿಯಿತು. ಹೊಳೆಯುವ ಪುಡಿ ಅಂಗಿಗೆ, ಮುಂಗೈ ಕೂದಲಿಗೆ ಅಂಟಿಕೊಂಡಿತು. ಕೊಡವಿದರೆ ಹಾರಿತು, ಗುಡಿಸಿದರೆ ಪೊರಕೆಯ ಕಡ್ಡಿಗಳ ಸಂದಿಗೆ ಸೇರಿತು. ನೀರು ಹಾಕಿದೆವು, ಬಚ್ಚಲ ಕಡೆಗೆ ಹೋಯಿತು. ಅಲ್ಲಿಂದ ಎಲ್ಲಿಗೆ ಎಂದು ಕೇಳಬೇಡಿ.

ಅದು ಆಕ್ಸೋ ಎಂಬ ಜಾತಿಯದು. ಮಾಮೂಲಿ ಪಾಲಿಥೀನ್‌ಗೆ ಲೋಹದ ಲವಣ ಬೆರೆಸಿ, ಬಿಸಿಲು ಗಾಳಿಗೆ ಬೇಗ ಪೆಡಸಾಗುವಂತೆ ಮಾಡಿರುತ್ತಾರೆ. ಪೆಡಸಾಗುತ್ತದೆ, ಒಡೆಯುತ್ತದೆ, ಸೂಕ್ಷ್ಮ ಪ್ಲಾಸ್ಟಿಕ್ ಆಗುತ್ತದೆ. ಇಡೀ ಚೀಲವಾಗಿದ್ದರೆ ಆಯ್ದು ತೆಗೆಯಬಹುದಿತ್ತು, ಪುಡಿಯನ್ನು ಆಯುವವರು ಯಾರು? ಐರೋಪ್ಯ ಒಕ್ಕೂಟ 2021ರ ಜುಲೈಯಿಂದ ಈ ಜಾತಿಯ ಸಾಮಾನುಗಳ ಮಾರಾಟವನ್ನೇ ನಿಲ್ಲಿಸಿದೆ. ನನ್ನ ಆ ಎರಡು ಸಾಲಿನ ಹೆಮ್ಮೆಯನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ.

ಹಸಿರೆಲೆಯ ಚಿತ್ರದಡಿ ಮಾರಾಟವಾಗುವುದು ಇದೊಂದೇ ಅಲ್ಲ. ಕಬ್ಬಿನಿಂದ ಮಾಡಿದ ಪಾಲಿಥೀನ್ ಇದೆ. ಹುಟ್ಟು ಕಬ್ಬಿನ ಗದ್ದೆಯದಾದರೂ ಅದು ಅಪ್ಪಟ ಪಾಲಿಥೀನ್, ಮಣ್ಣಿನಲ್ಲಿ ಕರಗುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ ಪಿಬಿಎಟಿ ಎಂಬುದು ಪೆಟ್ರೋಲಿಯಂ ಮೂಲದ್ದು, ಆದರೂ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ. ಯಾವುದರಿಂದ ಹುಟ್ಟಿತು ಎನ್ನುವುದಕ್ಕೂ ಹೇಗೆ ಸಾಯುತ್ತದೆ ಎನ್ನುವುದಕ್ಕೂ ನಂಟಿಲ್ಲ. ಇನ್ನು ಪಾಲಿಲ್ಯಾಕ್ಟಿಕ್ ಆಮ್ಲ, ಅಂದರೆ ಪಿಎಲ್‌ಎ. ಮೆಕ್ಕೆಜೋಳದ ಪಿಷ್ಟವನ್ನೋ ಕಬ್ಬಿನ ಸಕ್ಕರೆಯನ್ನೋ ಹುದುಗಿಸಿ ಮಾಡುವಂಥದ್ದು. ಗೊಬ್ಬರವಾಗುವ ಕವರುಗಳಲ್ಲಿ ಸಾಮಾನ್ಯವಾಗಿ ಪಿಬಿಎಟಿ, ಪಿಷ್ಟ, ಪಿಎಲ್‌ಎಗಳ ಮಿಶ್ರಣ ಇರುತ್ತದೆ. ಮುಟ್ಟಿದರೆ ಪರಪರ ಎನ್ನದೆ ಮೆತ್ತಗೆ ಬಟ್ಟೆಯಂತೆ ಮಣಿಯುತ್ತದೆ. ನಿಮ್ಮದು ಈ ಪೈಕಿಯದು ಎಂದು ನನ್ನ ಊಹೆ. ನಿಮ್ಮ ಶ್ರಾವಣದ ದೂರೂ ಅದನ್ನೇ ಹೇಳುತ್ತದೆ. ಈ ಮಿಶ್ರಣಗಳು ಪಾಲಿಥೀನ್‌ಗಿಂತ ಹೆಚ್ಚಾಗಿ ಗಾಳಿಯ ತೇವವನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ತೇವ ನುಸುಳದಿದ್ದರೆ ಸೂಕ್ಷ್ಮಜೀವಿಗೆ ಕೆಲಸವಿಲ್ಲ, ನುಸುಳಿದರೆ ಖಡಕ್ ರೊಟ್ಟಿಗೆ ಉಳಿಗಾಲವಿಲ್ಲ. ಕರಗಲೆಂದೇ ಹುಟ್ಟಿದ ಕವರಿಗೆ ರೊಟ್ಟಿ ಕಾಯುವ ಕೆಲಸ ಕೊಟ್ಟಿದ್ದೀರಿ.

ಈಗ ಬಿಸಿಲಿನ ಮಾತು. ನಮ್ಮಲ್ಲಿ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಬಳ್ಳಾರಿ, ರಾಯಚೂರಿನವರು ತಮಾಷೆ ಮಾಡಿಕೊಳ್ಳುತ್ತಾರೆ. 42 ಡಿಗ್ರಿಯಲ್ಲಿ ಡಾಂಬರು ಚಪ್ಪಲಿಗೆ ಅಂಟುವ ಊರಿನಲ್ಲಿ ಕವರು ಕರಗಲಿಲ್ಲವೆಂದರೆ ಅನುಮಾನ ಸಹಜ. ಆದರೆ ಪಿಎಲ್‌ಎಯ ಅಣುಗಳ ಸರಪಳಿಗಳು ಸಡಿಲವಾಗುವುದು ಸುಮಾರು 60 ಡಿಗ್ರಿಯ ಹತ್ತಿರ. ಅದಕ್ಕಿಂತ ಕೆಳಗೆ ಅದು ಗಾಜಿನಂತೆ ಬಿಗಿದುಕೊಂಡಿರುತ್ತದೆ, ನೀರು ಒಳಹೊಕ್ಕು ಅದನ್ನು ಕತ್ತರಿಸುವುದು ಬಲು ನಿಧಾನ. ಗೊಬ್ಬರವಾಗುವ ಪ್ಲಾಸ್ಟಿಕ್‌ಗೆಂದೇ ಇರುವ ಭಾರತೀಯ ಮಾನಕ 17088ರ ಪ್ರಕಾರ ಪರೀಕ್ಷೆ ನಡೆಸುವುದು 58 ಡಿಗ್ರಿಯ ಆಸುಪಾಸಿನಲ್ಲಿ, ಒದ್ದೆ ಗೊಬ್ಬರದ ನಡುವೆ. 12 ವಾರದೊಳಗೆ ಕವರು ಚೂರಾಗಿ ನೂರಕ್ಕೆ ತೊಂಬತ್ತರಷ್ಟು ಎರಡು ಮಿಲಿಮೀಟರ್ ಜರಡಿಯಿಂದ ಇಳಿಯಬೇಕು. 180 ದಿನದೊಳಗೆ ಅದರ ಇಂಗಾಲದ ಶೇ 90 ಭಾಗ ಇಂಗಾಲದ ಡೈಆಕ್ಸೈಡ್ ಆಗಿ ಹೋಗಬೇಕು. ಶಾಖ, ತೇವ, ಗಾಳಿ, ಜೀವಿ, ನಾಲ್ಕೂ ವಾರಗಟ್ಟಲೆ ಒಂದೇ ಕಡೆ ಕೂಡಿರಬೇಕು. ನಮ್ಮ ಬಿಸಿಲಿನಲ್ಲಿ ಶಾಖವಿದೆ, ಅದೂ ಸಾಲದು, ಮಿಕ್ಕದ್ದನ್ನು ಅದೇ ಬಿಸಿಲು ಕೊಲ್ಲುತ್ತದೆ. ಒಂದು ಗೇಣು ಆಳದಲ್ಲಿ ನಿಮ್ಮ ಕರಿಬೇವಿನ ಬುಡ ತಣ್ಣಗೆ ಇರುತ್ತದೆ, ಗಿಡಕ್ಕೆ ಅದೇ ಒಳ್ಳೆಯದು.

ಅಂಥ ಶಾಖದ ಜಾಗವನ್ನು ನಾನು ಕಂಡದ್ದು ಚಿಕ್ಕಂದಿನಲ್ಲಿ, ಅಜ್ಜಿಯ ಮನೆಯ ತಿಪ್ಪೆಯಲ್ಲಿ. ಎರಡು ಜೋಡಿ ಎತ್ತು, ಮೂರು ಎಮ್ಮೆ ಇದ್ದ ಮನೆ. ಮಾಗಿಯ ಬೆಳಗ್ಗೆ ಆಳು ಸನಿಕೆ ಹಾಕಿ ಮಗುಚಿದರೆ ಒಳಗಿನಿಂದ ಹಬೆ ಏಳುತ್ತಿತ್ತು, ಕೈ ಇಟ್ಟರೆ ಸುಡುತ್ತಿತ್ತು. ಸಗಣಿ, ಗಂಜಲ, ಜೋಳದ ಕಣಿಕೆ, ಉಂಡೆಸೆದ ಮುತ್ತುಗದ ಪತ್ರಾವಳಿ ಎಲ್ಲ ಅದರಲ್ಲಿ ಕರಗುತ್ತಿದ್ದವು. ಈಗ ಎತ್ತು ಹೋಗಿ ಟ್ರ್ಯಾಕ್ಟರ್ ಬಂದಿದೆ, ತಿಪ್ಪೆ ತೆಳುವಾಗಿದೆ. ಹಿತ್ತಲಿನ ಸಣ್ಣ ಗುಂಡಿ ಅಷ್ಟು ಕಾಯುವುದಿಲ್ಲ. ಮನೆಗೊಬ್ಬರದಲ್ಲೇ ಕರಗುತ್ತದೆ ಎಂಬ ಪ್ರಮಾಣಪತ್ರ ಪಡೆದ ಪ್ಲಾಸ್ಟಿಕ್‌ಗಳನ್ನು ಬ್ರಿಟನ್ನಿನ ಜನರ ಹಿತ್ತಲುಗಳಲ್ಲೇ ಹಾಕಿಸಿ ನೋಡಿದಾಗ ಶೇ 60ರಷ್ಟು ಪೂರ್ತಿ ಕರಗಿರಲಿಲ್ಲ. 2022ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಇದನ್ನು ಪ್ರಕಟಿಸಿದರು.

ಆದ್ದರಿಂದ ನಿಮಗೆ ಮೋಸವಾಯಿತೇ ಎಂಬ ಪ್ರಶ್ನೆಗೆ ನನ್ನ ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಕವರು ನಕಲಿಯೇ ಇರಬಹುದು. ಅಸಲಿಯಾಗಿದ್ದರೂ ನಿಮ್ಮ ಹಿತ್ತಲಲ್ಲಿ ಅದು ಇಷ್ಟೇ ಗಟ್ಟಿಯಾಗಿ ಸಿಗಬಹುದಿತ್ತು. ಅಸಲಿಯನ್ನು ಗುರುತಿಸುವುದು ಸುಲಭ. ‘ಕಾಂಪೋಸ್ಟಬಲ್’ ಎಂಬ ಪದ, ತಯಾರಕರ ಹೆಸರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಪ್ರಮಾಣಪತ್ರದ ಸಂಖ್ಯೆ ಕವರಿನ ಮೇಲಿರಬೇಕು. ನನ್ನ ಮೇಜಿನ ಮೇಲಿರುವ ನಿಮ್ಮ ಕವರಿನಲ್ಲಿ ಎಲೆಯ ಚಿತ್ರವಿದೆ, ಸಂಖ್ಯೆ ಇಲ್ಲ. ವ್ಯಾಪಾರಿಯನ್ನು ಕೇಳಿ. ತಡವರಿಸಿದರೆ ಹಣ ವಾಪಸ್ ಕೇಳಿ. ಈ ಪ್ರಮಾಣಪತ್ರಕ್ಕೆ ಬೆಲೆ ಬಂದದ್ದು ಏಕೆಂದರೆ, 2022ರ ಡಿಸೆಂಬರ್ 31ರಿಂದ ಕ್ಯಾರಿಬ್ಯಾಗ್ 120 ಮೈಕ್ರಾನ್ ದಪ್ಪವಿರಬೇಕೆಂಬ ಕೇಂದ್ರದ ನಿಯಮ ಗೊಬ್ಬರವಾಗುವ ಚೀಲಕ್ಕೆ ಅನ್ವಯಿಸುವುದಿಲ್ಲ. ರಿಯಾಯಿತಿ ಎಲ್ಲಿದೆಯೋ ಅಲ್ಲಿ ಹಸಿರೆಲೆಯ ಚಿತ್ರವೂ ದಿಢೀರನೆ ಹುಟ್ಟಿಕೊಳ್ಳುತ್ತದೆ.

ನಿಮ್ಮ ದೊಡ್ಡ ಪ್ರಶ್ನೆಗೆ, ಕಸ ಕಡಿಮೆಯಾಗುತ್ತದೆಯೇ ಎಂಬುದಕ್ಕೆ, ನಿಮ್ಮ ಗಿರಾಕಿಯ ಕಡೆಯಿಂದ ಯೋಚಿಸೋಣ. ಅಂಗಡಿಯ ಮುಂದೆ ಎಸೆಯದೆ, ಪಾಪ, ಮನೆಗೆ ಒಯ್ದರು ಎಂದೇ ಇಟ್ಟುಕೊಳ್ಳಿ. ಬೆಳಗ್ಗೆ ಹಾಡು ಹಾಕಿಕೊಂಡು ಕಸದ ಗಾಡಿ ಬಂತು. ಹಸಿ ಕಸವೋ, ಒಣ ಕಸವೋ? ಒಣ ಕಸಕ್ಕೆ ಹಾಕಿದರೆ ಮಾಮೂಲಿ ಪಾಲಿಥೀನ್ ಜೊತೆ ಸೇರಿ, ಮರುಬಳಕೆಗೆಂದು ಕಾಯಿಸಿ ಕರಗಿಸಿ ಗುಳಿಗೆ ಮಾಡುವವರ ಸರಕನ್ನು ಕೆಡಿಸುತ್ತದೆ. ಹಸಿ ಕಸಕ್ಕೆ ಹಾಕಿದರೆ, ಗೊಬ್ಬರ ಮಾಡುವಲ್ಲಿ ಆಯುವ ಹೆಂಗಸಿಗೆ ಅದು ಬರೀ ಪ್ಲಾಸ್ಟಿಕ್ ಆಗಿಯೇ ಕಾಣುತ್ತದೆ. ಎತ್ತಿ ಆಚೆ ಎಸೆಯುತ್ತಾಳೆ, ನಾನಾದರೂ ಎಸೆಯುತ್ತಿದ್ದೆ. ಎರಡೂ ಆಗದೆ ಊರಾಚೆಯ ರಾಶಿಗೆ ಬಿದ್ದರೆ, ಗಾಳಿಯಾಡದ ಆಳದಲ್ಲಿ ಸುಮ್ಮನೆ ಬಿದ್ದಿರುತ್ತದೆ, ಇಲ್ಲವೇ ಕೊಳೆತು ಮೀಥೇನ್ ಬಿಡುತ್ತದೆ. ರಾಶಿಯ ಮೇಲೆ ಮೇಯುವ ಹಸುವಿಗಂತೂ ಅನ್ನದ ವಾಸನೆ ಹತ್ತಿದ ಕವರುಗಳಲ್ಲಿ ಅಸಲಿ ನಕಲಿಯ ಭೇದವಿಲ್ಲ.

ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ನಿಂತ ಮೇಲೆ ಉಪಕಾಲುವೆಗಳ ತೂಬಿನ ಬಾಯಿಯನ್ನು ನೀವೂ ನೋಡಿರುತ್ತೀರಿ. ಜೊಂಡಿಗಿಂತ ಕವರೇ ಹೆಚ್ಚು ಜೋತಾಡುತ್ತಿರುತ್ತದೆ. ಅದಕ್ಕೆ ಕಾರಣ ಯಾವ ಪ್ಲಾಸ್ಟಿಕ್ ಎನ್ನುವುದಕ್ಕಿಂತ ಎಷ್ಟು ಎಸೆದೆವು ಎನ್ನುವುದು. ಕರಗುವ ಪ್ಲಾಸ್ಟಿಕ್‌ನಿಂದ ಸಮುದ್ರದ ಕಸ ಹೇಳಿಕೊಳ್ಳುವಷ್ಟು ಕಡಿಮೆಯಾಗದು ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2015ರಲ್ಲೇ ವರದಿ ಕೊಟ್ಟಿತ್ತು. ‘ಕರಗುತ್ತದೆ’ ಎಂಬ ಬರಹವೇ ಎಸೆಯುವ ಕೈಗೆ ಧೈರ್ಯ ಕೊಡಬಹುದು ಎಂದೂ ಅದರಲ್ಲಿದೆ. ನಿಮ್ಮ ಅಂಗಡಿಯ ಮುಂದೆ ನಡೆಯುತ್ತಿರುವುದು ಇದೇ. ಜಗತ್ತು ವರ್ಷಕ್ಕೆ 40 ಕೋಟಿ ಟನ್ನಿನಷ್ಟು ಪ್ಲಾಸ್ಟಿಕ್ ಮಾಡುತ್ತದೆ. ಅದರಲ್ಲಿ ಕರಗುವಂಥದ್ದು ನೂರಕ್ಕೆ ಒಂದು ಪಾಲೂ ಇಲ್ಲ.

ಹಾಗೆಂದು ಈ ವಸ್ತುವನ್ನೇ ಹಳಿಯಲು ನನಗೆ ಮನಸ್ಸಿಲ್ಲ. ಬಳಸಿದ ಮೇಲೆ ಆಯ್ದು ತೆಗೆಯಲು ಸಾಧ್ಯವೇ ಇಲ್ಲದ ಕಡೆ ಅದಕ್ಕೆ ನ್ಯಾಯವಾದ ಕೆಲಸವಿದೆ. ಕಲ್ಲಂಗಡಿ, ಟೊಮೆಟೊ ಬೆಳೆಯುವ ರೈತರು ಸಾಲಿಗೆ ಹಾಸುವ ಮಲ್ಚಿಂಗ್ ಶೀಟನ್ನೇ ನೋಡಿ. ಇಪ್ಪತ್ತೈದು, ಮೂವತ್ತು ಮೈಕ್ರಾನಿನ ತೆಳು ಹಾಳೆ. ಬೆಳೆ ಮುಗಿದ ಮೇಲೆ ಎಳೆದರೆ ಮೇಲ್ಭಾಗ ಬರುತ್ತದೆ, ಮಣ್ಣಿನಲ್ಲಿ ಹೂತ ಅಂಚು ಹರಿದು ಅಲ್ಲೇ ಉಳಿಯುತ್ತದೆ. ಮುಂದಿನ ರಂಟೆಗೆ ಕಪ್ಪು ಚಿಂದಿಗಳು ಮೇಲೆ ಬರುತ್ತವೆ. ಇದಕ್ಕೆಂದೇ ಮಣ್ಣಿನ ಶಾಖದಲ್ಲೇ ಕರಗುವ ಹಾಳೆಗಳಿವೆ. 25 ಡಿಗ್ರಿ ಮಣ್ಣಿನಲ್ಲಿ ಎರಡು ವರ್ಷದೊಳಗೆ ಶೇ 90 ಭಾಗ ಕರಗಬೇಕೆಂದು ಯುರೋಪಿನಲ್ಲಿ 2018ರಿಂದ ಪ್ರತ್ಯೇಕ ಮಾನಕವೇ ಇದೆ. ಸರ್ಕಾರ ಸಹಾಯಧನ ಕೊಡುವುದಾದರೆ ಕ್ಯಾರಿಬ್ಯಾಗಿಗಿಂತ ಮೊದಲು ಇದಕ್ಕೆ ಕೊಡಲಿ. ಖಾನಾವಳಿಯ ಅಡುಗೆಮನೆಯ ಹಸಿ ಕಸ ನೇರವಾಗಿ ಗೊಬ್ಬರದ ಘಟಕಕ್ಕೆ ಹೋಗುವ ಏರ್ಪಾಡು ಇದ್ದಲ್ಲಿ, ಆ ಕಸ ಕಟ್ಟುವ ಚೀಲವೂ ಇಂಥದ್ದೇ ಆಗಿರಲಿ.

ನಿಮ್ಮ ರೊಟ್ಟಿಗೆ ಮಾತ್ರ ಇದು ಬೇಡ. ಆಹಾರಕ್ಕೆ ಯೋಗ್ಯವಾದ, ದಪ್ಪನೆಯ, ಬಣ್ಣವಿಲ್ಲದ, ಒಂದೇ ಪದರದ ಪಾಲಿಥೀನ್ ಕವರನ್ನು ಕೊಳ್ಳಿ. ರೊಟ್ಟಿ ಖಡಕ್ಕಾಗಿ ಉಳಿಯುತ್ತದೆ, ಅಂಥದ್ದಕ್ಕೆ ಗುಜರಿಯಲ್ಲಿ ಒಂದಿಷ್ಟು ಬೆಲೆಯೂ ಇದೆ. ಉಳಿಯುವ ಹಣದಲ್ಲಿ, ಐದು ಖಾಲಿ ಕವರು ವಾಪಸ್ ತಂದವರಿಗೆ ಎರಡು ರೊಟ್ಟಿ ಹೆಚ್ಚು ಎಂದು ಹಲಗೆ ಬರೆಸಿ. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ನೂರಾರು ಲೆಕ್ಕದಲ್ಲಿ ಕೊಡುವಾಗ ಕವರೇ ಬೇಡ. ಮುಚ್ಚಳದ ಡಬ್ಬಿ ಕೊಡಿ, ಠೇವಣಿ ಇಟ್ಟುಕೊಳ್ಳಿ. ನಮ್ಮ ಕಡೆ ಬೀಗರ ಮನೆಗೆ ರೊಟ್ಟಿ ಬುಟ್ಟಿ ಹೋದರೆ ಬುಟ್ಟಿ ಖಾಲಿಯಾಗಿ ಬರುವುದಿಲ್ಲ ಎಂಬ ರೂಢಿಯಿದೆಯಲ್ಲ, ಡಬ್ಬಿಯಾದರೂ ವಾಪಸ್ ಬರಲಿ.

ಇನ್ನು ನಮ್ಮ ಹೊದಿಕೆಯ ವಿಚಾರ. ಮುಂದಿನ ಸಂಚಿಕೆಯಿಂದ ಪತ್ರಿಕೆಯ ನಡುವಿಗೆ ಒಂದು ಕಾಗದದ ಪಟ್ಟಿ ಸುತ್ತಿ, ಅದರ ಮೇಲೆ ವಿಳಾಸ ಅಂಟಿಸಿ ಅಂಚೆಗೆ ಹಾಕುತ್ತೇವೆ. ಮಳೆಗಾಲದಲ್ಲಿ ಕೆಲವು ಪ್ರತಿಗಳು ನೆನೆಯುವುದು ಖಂಡಿತ. ನೆನೆದು ಬಂದರೆ ಒಂದು ಕಾರ್ಡು ಬರೆಯಿರಿ, ಇನ್ನೊಂದು ಪ್ರತಿ ಕಳುಹಿಸುತ್ತೇವೆ.